ಅನಂತಪುರದ ಮೊಸಳೆ ನಮ್ಮ ಮೇಜಿನ ಮೇಲೆ: ಸ್ಟಾಪ್ ಮೋಷನ್ ಸ್ಟುಡಿಯೋ ಆ್ಯಪ್ ಬಳಸಿ ನೋಡಿದಾಗ

ಕಳೆದ ಮಳೆಗಾಲದಲ್ಲಿ ನಾವು ನಾಲ್ವರು ಗೆಳೆಯರು ಸೀತಾಂಗೋಳಿಯ ಒಂದು ಮನೆಯ ಮಾಳಿಗೆಯಲ್ಲಿ ಕುಳಿತು ಒಂದು ನಿಮಿಷ ನಲವತ್ತು ಸೆಕೆಂಡುಗಳ ಸ್ಟಾಪ್ ಮೋಷನ್ ಚಿತ್ರವೊಂದನ್ನು ಮಾಡಿ ಮುಗಿಸಿದೆವು. ಕಥೆಗಾಗಿ ದೂರ ಹೋಗಬೇಕಾಗಲಿಲ್ಲ. ಕಾಸರಗೋಡು ಜಿಲ್ಲೆಯ ಕುಂಬಳೆ ಸಮೀಪದ ಅನಂತಪುರದ ಸರೋವರ ಕ್ಷೇತ್ರದಲ್ಲಿ ನೈವೇದ್ಯದ ಅನ್ನ ಉಣ್ಣುತ್ತಿದ್ದ, 2022ರ ಅಕ್ಟೋಬರ್ 9ರಂದು ನಮ್ಮನ್ನು ಅಗಲಿದ ಮೊಸಳೆ ಬಬಿಯಾ ಈ ಭಾಗದ ಪ್ರತಿ ಮನೆಯ ಮಕ್ಕಳಿಗೂ ಗೊತ್ತಿರುವ ಜೀವ. ಅದು ಕೆರೆಯ ಒಂದು ದಡದಿಂದ ಇನ್ನೊಂದು ದಡಕ್ಕೆ ಈಜಿ ಬಂದು, ಅರ್ಚಕರ ಕೈಯಿಂದ ಅನ್ನದ ಉಂಡೆ ಸ್ವೀಕರಿಸಿ, ಮತ್ತೆ ನೀರಿಗೆ ಇಳಿಯುವುದಷ್ಟೇ ನಮ್ಮ ಕಥೆ. ಚಿತ್ರೀಕರಣ, ಜೋಡಣೆ, ಧ್ವನಿ ಎಲ್ಲವನ್ನೂ ಕೇಟ್‌ಈಟರ್ ಸಂಸ್ಥೆಯ ಸ್ಟಾಪ್ ಮೋಷನ್ ಸ್ಟುಡಿಯೋ ಎಂಬ ಆ್ಯಪ್‌ನಲ್ಲೇ ಮಾಡಿದೆವು. ಹೊಸದಾಗಿ ಈ ಕೆಲಸಕ್ಕೆ ಇಳಿಯುವವರಿಗೆ ಆ ಆ್ಯಪ್ ಎಲ್ಲಿ ಆಸರೆಯಾಗುತ್ತದೆ, ಎಲ್ಲಿ ನಮ್ಮ ಕೈಯನ್ನೇ ನಂಬಬೇಕಾಗುತ್ತದೆ ಎಂಬುದನ್ನು ತಿಳಿಸಲು ಇದನ್ನು ಬರೆಯುತ್ತಿದ್ದೇನೆ.

ಕೆಲಸದ ತತ್ವ ಸರಳ. ಬೊಂಬೆಯನ್ನು ಸ್ವಲ್ಪ ಸರಿಸಿ ಒಂದು ಫೋಟೊ, ಮತ್ತೆ ಸ್ವಲ್ಪ ಸರಿಸಿ ಇನ್ನೊಂದು ಫೋಟೊ. ಇವನ್ನು ವೇಗವಾಗಿ ಒಂದರ ಹಿಂದೊಂದು ತೋರಿಸಿದರೆ ಬೊಂಬೆ ತಾನಾಗಿಯೇ ನಡೆದಂತೆ ಕಾಣುತ್ತದೆ. ದಾದಾಸಾಹೇಬ್ ಫಾಲ್ಕೆಯವರು ತಮ್ಮ ಮೊದಲ ಕಥಾಚಿತ್ರಕ್ಕೆ ಬಂಡವಾಳ ಹೊಂದಿಸುವ ಕಾಲದಲ್ಲಿ ಬಟಾಣಿ ಗಿಡ ಮೊಳೆತು ಬೆಳೆಯುವುದನ್ನು ಹೀಗೆಯೇ ಬಿಟ್ಟು ಬಿಟ್ಟು ಚಿತ್ರೀಕರಿಸಿ ತೋರಿಸಿದ್ದರು. ಇಂಥ ಒಂದೊಂದು ಫೋಟೊವೂ ಒಂದು ಫ್ರೇಮ್. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್‌ಗಳಿದ್ದರೂ ಹವ್ಯಾಸಿಗಳಿಗೆ 12 ಧಾರಾಳ ಸಾಕು. ನಾವು ಆ್ಯಪ್‌ನಲ್ಲಿ ವೇಗವನ್ನು 12ಕ್ಕೆ ಇಟ್ಟುಕೊಂಡೆವು. ನೂರು ಸೆಕೆಂಡಿಗೆ 1,200 ಫೋಟೊ, ಒಂಬತ್ತು ದಿನಗಳ ಕೆಲಸ.

ಈ ಆ್ಯಪ್‌ನ ಎಲ್ಲ ಅನುಕೂಲಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಬಹುದು ಎಂದರೆ ನಾನು ಹಿಂದಿನ ಫ್ರೇಮನ್ನು ಮಸುಕಾಗಿ ತೋರಿಸುವ ಸೌಲಭ್ಯವನ್ನೇ ಉಳಿಸಿಕೊಳ್ಳುತ್ತೇನೆ. ಅನಿಮೇಷನ್ ಮಾಡುವವರು ಇದನ್ನು ಆನಿಯನ್ ಸ್ಕಿನ್ ಎನ್ನುತ್ತಾರೆ. ಈಗ ತಾನೇ ತೆಗೆದ ಫೋಟೊ ಪರದೆಯ ಮೇಲೆ ಎಣ್ಣೆ ಕಾಗದದ ಅಡಿಯ ಗೆರೆಯಂತೆ ತಿಳಿಯಾಗಿ ಉಳಿದಿರುತ್ತದೆ, ಅದರ ಮೇಲೆ ಕ್ಯಾಮೆರಾ ಈಗ ಕಾಣುತ್ತಿರುವ ದೃಶ್ಯ ಮೂಡುತ್ತದೆ. ಮೊಸಳೆಯ ಮೂತಿ ಹಳೆಯ ಜಾಗದಿಂದ ಎಷ್ಟು ಮುಂದೆ ಬಂದಿದೆ, ಬಾಲ ಎಷ್ಟು ಬಾಗಿದೆ ಎಂಬುದು ಅಳತೆಗೋಲು ಇಲ್ಲದೆಯೇ ಕಣ್ಣಿಗೆ ಸಿಗುತ್ತದೆ. ಎಷ್ಟು ಮಸುಕಾಗಿ ಕಾಣಬೇಕೆಂಬುದನ್ನು ನಾವೇ ಹೊಂದಿಸಿಕೊಳ್ಳಬಹುದು.

ಆರನೆಯ ದಿನ ಸಂಜೆ ಇದರ ಬೆಲೆ ನಮಗೆ ನಿಜವಾಗಿ ಅರ್ಥವಾಯಿತು. ಅರ್ಚಕರ ಕೈ ಚಾಚುವ ದೃಶ್ಯದ ನಡುವೆ ನನ್ನ ಮೊಣಕೈ ಮೇಜಿಗೆ ತಾಗಿ ಮೊಸಳೆ ಒಂದು ಬದಿಗೆ ಉರುಳಿತು, ಗುಡಿಯ ಮೆಟ್ಟಿಲು ಅರ್ಧ ಇಂಚು ಸರಿಯಿತು. ಆ ದೃಶ್ಯದಲ್ಲಿ ಅದಾಗಲೇ ಎಂಬತ್ತಕ್ಕೂ ಹೆಚ್ಚು ಫ್ರೇಮ್‌ಗಳು ಮುಗಿದಿದ್ದವು. ಎಲ್ಲವನ್ನೂ ಮೊದಲಿನಿಂದ ಮಾಡಬೇಕೇನೋ ಎಂದು ಕೆಲವು ನಿಮಿಷ ಯಾರೂ ಮಾತಾಡಲಿಲ್ಲ. ಕೊನೆಗೆ ಒಬ್ಬ ಗೆಳೆಯ ಫೋನಿನ ಪರದೆಯನ್ನು ನೋಡುತ್ತಾ, “ಇನ್ನೂ ಸ್ವಲ್ಪ ಎಡಕ್ಕೆ, ಸಾಕು, ಈಗ ಬಾಲ ಎತ್ತು” ಎಂದು ಹೇಳುತ್ತಾ ಹೋದ. ಇನ್ನೊಬ್ಬ ಮೆಟ್ಟಿಲನ್ನೂ ಮೊಸಳೆಯನ್ನೂ ಆ ಮಸುಕು ಚಿತ್ರದ ಗೆರೆಗೆ ಸರಿಯಾಗಿ ಕೂರಿಸಿದ. ಇಪ್ಪತ್ತು ನಿಮಿಷ ಬೇಕಾಯಿತು. ಈಗ ಚಿತ್ರ ನೋಡುವಾಗ ಆ ಜಾಗ ಎಲ್ಲಿದೆ ಎಂದು ನನಗೇ ಹುಡುಕಬೇಕಾಗುತ್ತದೆ.

ಎರಡನೆಯ ದೊಡ್ಡ ಉಪಕಾರ ಕ್ಯಾಮೆರಾದ ಹಿಡಿತ ನಮ್ಮ ಕೈಯಲ್ಲಿರುವುದು. ಫೋನಿನ ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟರೆ ಪ್ರತಿ ಫೋಟೊಗೂ ಬೆಳಕು, ಬಣ್ಣ, ಫೋಕಸ್ ಮೂರನ್ನೂ ಹೊಸದಾಗಿ ಲೆಕ್ಕ ಹಾಕುತ್ತದೆ. ಒಂದೊಂದು ಫೋಟೊ ಚೆನ್ನಾಗಿಯೇ ಇರುತ್ತದೆ, ಆದರೆ ಸಾಲಾಗಿ ಓಡಿಸಿದಾಗ ಇಡೀ ದೃಶ್ಯ ಗಾಳಿಗೆ ಸಿಕ್ಕ ದೀಪದಂತೆ ಮಿನುಗುತ್ತದೆ. ಆದ್ದರಿಂದ ದೃಶ್ಯ ಆರಂಭಿಸುವ ಮೊದಲು ಫೋಕಸ್, ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ), ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಮೂರನ್ನೂ ಆಟೊದಿಂದ ತೆಗೆದು ಒಂದೇ ಕಡೆ ನಿಲ್ಲಿಸಬೇಕು. ನಿಮ್ಮ ಫೋನ್ ಅವಕಾಶ ಕೊಟ್ಟರೆ ಶಟರ್ ವೇಗವನ್ನು, ಅಂದರೆ ಒಂದು ಫೋಟೊಗೆ ಕ್ಯಾಮೆರಾ ಬೆಳಕು ಹಿಡಿಯುವ ಅವಧಿಯನ್ನು, ಸೆಕೆಂಡಿನ ಐವತ್ತನೆಯ ಅಥವಾ ನೂರನೆಯ ಒಂದು ಭಾಗಕ್ಕೆ ಇಡಿ. ನಮ್ಮಲ್ಲಿ ಮನೆಗೆ ಬರುವ ವಿದ್ಯುತ್ 50 ಹರ್ಟ್ಸ್‌ನದ್ದಾದ್ದರಿಂದ ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ ನೂರು ಸಲ ಏರಿಳಿಯುತ್ತದೆ. ಶಟರ್ ಆ ಲಯಕ್ಕೆ ಹೊಂದದಿದ್ದರೆ ಫೋಟೊದಲ್ಲಿ ಪಟ್ಟೆಗಳು ಬೀಳುತ್ತವೆ.

ಆದರೆ ಯಾವ ಆ್ಯಪ್ ಕೂಡ ಕಾಸರಗೋಡಿನ ಜುಲೈ ತಿಂಗಳ ಆಕಾಶವನ್ನು ಹಿಡಿದು ನಿಲ್ಲಿಸಲಾರದು. ಮೊದಲ ದಿನ ಕಿಟಕಿಯ ಬೆಳಕನ್ನೇ ನಂಬಿದೆವು. ಮೋಡ ಬಂದು ಹೋಗುವ ರಭಸಕ್ಕೆ ಅಂದಿನ ಅಷ್ಟೂ ಫ್ರೇಮ್‌ಗಳನ್ನು ಅಳಿಸಬೇಕಾಯಿತು. ಮರುದಿನ ಕಿಟಕಿಗೆ ಕಂಬಳಿ ಹೊದಿಸಿ, 9 ವ್ಯಾಟ್‌ನ ಎರಡು ಬಲ್ಬುಗಳ ಮುಂದೆ ಬಟರ್ ಪೇಪರ್ ಕಟ್ಟಿ ಮಂದ ಬೆಳಕು ಮಾಡಿಕೊಂಡೆವು. ಬಿಳಿ ಅಂಗಿ ತೊಟ್ಟವರು ಮೇಜಿನ ಹತ್ತಿರ ಅತ್ತಿತ್ತ ಸರಿದರೂ ಅದರ ಪ್ರತಿಫಲನ ಚಿತ್ರದಲ್ಲಿ ಕಾಣುತ್ತದೆ ಎಂಬುದು ತಿಳಿದ ಮೇಲೆ ಎಲ್ಲರೂ ಕಪ್ಪು ಅಥವಾ ಕಡು ನೀಲಿ ಬಟ್ಟೆಯಲ್ಲೇ ಬರತೊಡಗಿದರು. ಕರೆಂಟ್ ಹೋದಾಗ ಕಾಯುವುದೊಂದೇ ದಾರಿ. ಇನ್ವರ್ಟರಿನಲ್ಲಿ ಮುಂದುವರಿಸಿದ ಹದಿನೈದು ಫ್ರೇಮ್‌ಗಳ ಬಣ್ಣವೇ ಬೇರೆಯಾಗಿತ್ತು.

ಫೋನ್ ನಿಲ್ಲಿಸುವ ಸ್ಟ್ಯಾಂಡಿನ ಬಗ್ಗೆ ಎಚ್ಚರಿಕೆ ಹೇಳಲೇಬೇಕು. ನಾವು ಆನ್‌ಲೈನಿನಲ್ಲಿ ತರಿಸಿದ ಒಂದು ಅಗ್ಗದ ಸ್ಟ್ಯಾಂಡಿನ ಹಿಡಿ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಜಗ್ಗುತ್ತಿತ್ತು. ನಲವತ್ತು ಫ್ರೇಮ್ ಕಳೆದ ಮೇಲೆ ಓಡಿಸಿ ನೋಡಿದರೆ ಗುಡಿ, ಕೆರೆ, ಮೊಸಳೆ ಎಲ್ಲವೂ ಮೆಲ್ಲನೆ ಮೇಲಕ್ಕೆ ತೇಲುತ್ತಿದ್ದವು. ಅದನ್ನು ಬದಿಗಿಟ್ಟು ಅಡಕೆ ಮರದ ಸಲಾಕೆಯಿಂದ ಒಂದು ಚೌಕಟ್ಟು ಮಾಡಿ, ಫೋನನ್ನು ಸೈಕಲ್ ಟ್ಯೂಬಿನ ತುಂಡಿನಿಂದ ಬಿಗಿದು, ಬುಡಕ್ಕೆ ಎರಡು ಮುರಕಲ್ಲು ಒತ್ತಿಟ್ಟೆವು. ಕೊನೆಯ ದಿನದವರೆಗೂ ಅದು ಕದಲಲಿಲ್ಲ. ಫೋಟೊ ತೆಗೆಯಲು ಪರದೆಯನ್ನು ಮುಟ್ಟುವ ಬದಲು ಬ್ಲೂಟೂತ್ ಗುಂಡಿ ಬಳಸಿದರೆ ಇನ್ನೂ ಒಳ್ಳೆಯದು.

ಮೊಸಳೆಯನ್ನು ಮಾಡಿದ್ದು ಎಣ್ಣೆ ಬೆರೆತ ಕ್ಲೇಯಲ್ಲಿ, ಒಳಗೆ ಎರಡು ಎಳೆ ಹೊಸೆದ ಅಲ್ಯುಮಿನಿಯಂ ತಂತಿ. ಈ ಕ್ಲೇ ಒಣಗುವುದಿಲ್ಲ ಎಂಬುದು ಅನುಕೂಲ. ನಮ್ಮ ಸೆಕೆಗೂ ಬಲ್ಬಿನ ಬಿಸಿಗೂ ಬೆಣ್ಣೆಯಂತಾಗುತ್ತದೆ ಎಂಬುದು ಕಷ್ಟ. ಗಂಟೆಗೊಮ್ಮೆ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯುತ್ತಿದ್ದೆವು. ಅನಂತಪುರದ ಮೂಲ ವಿಗ್ರಹಗಳು ಕಲ್ಲಿನವೂ ಅಲ್ಲ, ಲೋಹದವೂ ಅಲ್ಲ, ಹಲವು ದ್ರವ್ಯಗಳನ್ನು ಕಲಸಿದ ಕಡುಶರ್ಕರ ಪಾಕದವು. ಕಲಸಿ ತಿದ್ದುವ ವಸ್ತುವೊಂದು ಕಾಲವನ್ನು ಹೇಗೆ ತಾಳಿಕೊಳ್ಳುತ್ತದೆ ಎಂದು ಆ ದಿನಗಳಲ್ಲಿ ನಾನು ಮತ್ತೆ ಮತ್ತೆ ಯೋಚಿಸಿದ್ದುಂಟು.

ಕೆರೆಗೆ ನಿಜವಾದ ನೀರು ಆಗುವುದಿಲ್ಲ, ಅದು ಒಂದು ಫೋಟೊದಿಂದ ಇನ್ನೊಂದಕ್ಕೆ ಒಂದೇ ರೀತಿ ನಿಲ್ಲುವುದಿಲ್ಲ. ಹಸಿರು ಜಿಲಾಟಿನ್ ಹಾಳೆಯನ್ನು ಮುದುಡಿ ಹರಡಿದೆವು. ಅರವತ್ತು ಸೆಂಟಿಮೀಟರ್ ಅಗಲದ ಆ ಕೆರೆಯಲ್ಲಿ ಮೊಸಳೆಯನ್ನು ಪ್ರತಿ ಫ್ರೇಮಿಗೆ ನಾಲ್ಕು ಮಿಲಿಮೀಟರ್ ಸರಿಸಿದೆವು. ಹೊರಡುವಾಗಿನ ಹತ್ತು ಮತ್ತು ದಡ ಸೇರುವಾಗಿನ ಹತ್ತು ಫ್ರೇಮ್‌ಗಳಲ್ಲಿ ಮಾತ್ರ ಒಂದೊಂದೇ ಮಿಲಿಮೀಟರ್. ಈ ಒಂದು ನಿಯಮದಿಂದಲೇ ಬೊಂಬೆಗೆ ತೂಕ ಬಂದಿತು. ಕಾಸರಗೋಡಿನ ಶ್ರೀ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘದ ಪ್ರದರ್ಶನಗಳನ್ನು ನೋಡಿದವರಿಗೆ ಈ ಮಾತು ಹೊಸದೆನಿಸದು. ಅಲ್ಲಿ ಬೊಂಬೆಯ ಹೆಜ್ಜೆಗೆ ಜೀವ ಕೊಡುವುದು ಸೂತ್ರ ಎಳೆಯುವ ಕೈ ಎಲ್ಲಿ ಬಿಗಿಯಾಗುತ್ತದೆ, ಎಲ್ಲಿ ಸಡಿಲವಾಗುತ್ತದೆ ಎಂಬುದೇ. ನಮ್ಮ ಕೈ ಎರಡು ಫೋಟೊಗಳ ನಡುವೆ ಬಂದು ಮರೆಯಾಗುತ್ತದೆ, ಅಷ್ಟೇ ವ್ಯತ್ಯಾಸ.

ಶೀರ್ಷಿಕೆಯನ್ನು ಆ್ಯಪ್‌ನ ಅಕ್ಷರಗಳಲ್ಲಿ ಬರೆಯದೆ ಗುಲಗಂಜಿಯಲ್ಲಿ ಬರೆದೆವು. ಬಿಳಿ ಬಟ್ಟೆಯ ಮೇಲೆ ಪ್ರತಿ ಫ್ರೇಮಿಗೆ ಎರಡು ಕಾಳಿನಂತೆ ಇಡುತ್ತಾ ಹೋದರೆ ‘ಬಬಿಯಾ’ ಎಂಬ ಮೂರು ಅಕ್ಷರ ತಾವಾಗಿ ಮೊಳೆತಂತೆ ಮೂಡುತ್ತವೆ. 212 ಕಾಳು, 106 ಫ್ರೇಮ್, ಸುಮಾರು ಒಂಬತ್ತು ಸೆಕೆಂಡು. ಕಪ್ಪು ತುದಿಯನ್ನು ಎಲ್ಲ ಕಾಳುಗಳಲ್ಲೂ ಒಂದೇ ದಿಕ್ಕಿಗೆ ತಿರುಗಿಸಿ ಇಟ್ಟದ್ದರಿಂದ ಅಕ್ಷರಗಳಿಗೆ ನೆರಳು ಬಿದ್ದಂತಾಯಿತು. ಇಡೀ ಚಿತ್ರದಲ್ಲಿ ನನಗೆ ಬಹಳ ಇಷ್ಟವಾದ ಭಾಗ ಇದೇ. ಗುಲಗಂಜಿ ವಿಷದ ಬೀಜವಾದ್ದರಿಂದ ಸಣ್ಣ ಮಕ್ಕಳಿರುವ ಮನೆಯಲ್ಲಿ ಬೇರೆ ಕಾಳು ಬಳಸಿ.

ಇನ್ನು ಹಣದ ವಿಷಯ. ಆ್ಯಪ್ ಆಂಡ್ರಾಯ್ಡ್ ಮತ್ತು ಐಫೋನ್ ಎರಡರಲ್ಲೂ ಸಿಗುತ್ತದೆ, ಉಚಿತವಾಗಿಯೇ ಆರಂಭಿಸಬಹುದು. ಮೊದಲ ಒಂದೆರಡು ವಾರ ಉಚಿತ ಆವೃತ್ತಿಯಲ್ಲೇ ಚೆಂಡು ಉರುಳಿಸಿ, ಬೆಂಕಿಪೆಟ್ಟಿಗೆ ನಡೆಸಿ ಕೈ ಪಳಗಿಸಿಕೊಳ್ಳುವುದು ಒಳ್ಳೆಯದು. 4ಕೆ ಸ್ಪಷ್ಟತೆ, ಹಿಂದಿನ ಹಸಿರು ಬಣ್ಣವನ್ನು ತೆಗೆದು ಬೇರೆ ಹಿನ್ನೆಲೆ ಕೂರಿಸುವ ಹಸಿರು ಪರದೆ, ಫ್ರೇಮಿನ ಮೇಲೆ ಬೇಡದ್ದನ್ನು ಅಳಿಸುವ ಸಲಕರಣೆ ಇವೆಲ್ಲ ಬೇಕೆಂದರೆ ದುಡ್ಡು ಕೊಡಬೇಕು. ನಾವು ಕೊಟ್ಟೆವು, ಅಳಿಸುವ ಸಲಕರಣೆ ಒಂದಕ್ಕೇ ಆ ಹಣ ಸಂದಿತು. ಅರ್ಚಕರ ಕೈಯಿಂದ ಅನ್ನದ ಉಂಡೆ ಮೊಸಳೆಯ ಬಾಯಿಗೆ ಬೀಳುವಾಗ ಉಂಡೆಯನ್ನು ಗಾಳಿಯಲ್ಲಿ ನಿಲ್ಲಿಸಿದ್ದು ಒಂದು ಸಣ್ಣ ತಂತಿ. ಏಳು ಫ್ರೇಮ್‌ಗಳಲ್ಲಿ ಆ ತಂತಿಯನ್ನು ಬೆರಳಿನಿಂದ ಉಜ್ಜಿ ತೆಗೆದೆವು. ಹಸಿರು ಪರದೆಯನ್ನು ನಾವು ಬಳಸಲಿಲ್ಲ, ಮೊಸಳೆಯೇ ಹಸಿರಾಗಿದ್ದುದರಿಂದ ಅದು ಸಾಧ್ಯವೂ ಇರಲಿಲ್ಲ.

ಧ್ವನಿಯನ್ನು ಆ್ಯಪ್‌ನಲ್ಲೇ ಮುದ್ರಿಸಬಹುದು. ಕಂಬಳಿ ಹೊದ್ದು ನಿರೂಪಣೆ ಓದಿದ್ದು, ಮಾಡಿನಿಂದ ಮಳೆ ಸುರಿಯುವ ಸದ್ದನ್ನು ಜಗಲಿಯಲ್ಲಿ ಹಿಡಿದದ್ದು ಎರಡೂ ಸಾಕಷ್ಟು ಸ್ವಚ್ಛವಾಗಿ ಬಂದವು.

ಮನೆಯ ಅಜ್ಜಿಗೆ ಮೊದಲು ತೋರಿಸಿದೆವು. ಬಬಿಯಾನನ್ನು ಎಷ್ಟೋ ಸಲ ಕಣ್ಣಾರೆ ಕಂಡವರು ಅವರು. ಮೊಸಳೆ ನೀರಿಗೆ ಮರಳುವ ಕೊನೆಯ ದೃಶ್ಯದಲ್ಲಿ ಫೋನನ್ನು ಕಣ್ಣಿನ ಹತ್ತಿರ ಹಿಡಿದುಕೊಂಡು, “ಅದು ಹೋಗುವಾಗ ಬಾಲ ಹೀಗೆ ಬೀಸುತ್ತಿರಲಿಲ್ಲ ಮಕ್ಕಳೇ, ಸುಮ್ಮನೆ ಮುಳುಗುತ್ತಿತ್ತು” ಎಂದರು. ಆ ಕೊನೆಯ ಮೂವತ್ತಾರು ಫ್ರೇಮ್‌ಗಳನ್ನು ಅಳಿಸಿ, ಆ ಜಾಗದಲ್ಲಿ ಹೊಸದಾಗಿ ತೆಗೆದವನ್ನು ಸೇರಿಸಲು ನಮಗೆ ಒಂದು ಮಧ್ಯಾಹ್ನ ಸಾಕಾಯಿತು.