ಮೂರು ಬಟ್ಟಲಿನ ಮೊಳಕೆ ಡಬ್ಬಿ: ದಾವಣಗೆರೆಯ ಎರಡು ಬೇಸಿಗೆ ಕಂಡ ಮೇಲೆ

ಒಂದರ ಮೇಲೊಂದು ಕೂರುವ ಮೂರು ಪ್ಲಾಸ್ಟಿಕ್ ಬಟ್ಟಲು, ಕೆಳಗೆ ನೀರು ಇಳಿಯುವ ತಟ್ಟೆ, ಮೇಲೊಂದು ಮುಚ್ಚಳ. 300 ರೂಪಾಯಿ ಆಸುಪಾಸಿನಲ್ಲಿ ಸಿಕ್ಕಿತ್ತು. ಇದೇ ಮಾದರಿಯನ್ನು ಹತ್ತಾರು ಹೆಸರಲ್ಲಿ ಮಾರುತ್ತಾರೆ, ಹಾಗಾಗಿ ಕಂಪನಿ ಯಾವುದು ಅನ್ನುವುದು ಮುಖ್ಯವಲ್ಲ. 5ಕ್ಕೆ 3 ಅಂಕ ಕೊಡುತ್ತೇನೆ. ಏಪ್ರಿಲ್ ತಿಂಗಳಲ್ಲಿ ಕೇಳಿದ್ದರೆ 1 ಕೊಡುತ್ತಿದ್ದೆ.

ಪ್ರತಿ ಬಟ್ಟಲ ತಳದಲ್ಲಿ ಸಣ್ಣ ಕೊಳವೆ ಇದೆ, ಅದರ ಮೇಲೆ ಕೆಂಪು ಟೋಪಿ. ಮೇಲಿನ ಬಟ್ಟಲಿಗೆ ನೀರು ಹೊಯ್ದರೆ ಟೋಪಿಯ ಸಂದಿಯಿಂದ ಇಳಿದು, ಮೂರೂ ಬಟ್ಟಲು ತೊಳೆದು ತಳದ ತಟ್ಟೆ ಸೇರುತ್ತದೆ. ಬಟ್ಟಲಲ್ಲಿ ಚೂರು ನೀರು ಉಳಿಯುತ್ತದೆ, ಕಾಳಿಗೆ ತೇವ ಕೊಡುವುದು ಅದೇ. ನಮ್ಮ ಕಡೆ ನಲ್ಲಿ ನೀರು ದಿನಾ ಬರುವುದಿಲ್ಲ. ಒಂದು ಚೊಂಬು ನೀರಲ್ಲಿ ಕೆಲಸ ಮುಗಿಯುತ್ತದಲ್ಲ ಅಂತ ಖುಷಿಯಾಗಿತ್ತು. ಆದರೆ ಮೇಲಿನ ಕಾಳು ಹಳಸಿದ್ದರೆ ಅದೇ ನೀರು ಕೆಳಗಿನದಕ್ಕೂ ಹೋಗುತ್ತದೆ ಅಲ್ವಾ? ಅದಕ್ಕೇ ಮೂರರಲ್ಲೂ ಒಂದೇ ದಿನ ಕಾಳು ಹಾಕುವುದು ಒಳ್ಳೆಯದು.

ಹೆಸರುಕಾಳಿಗೆ ಇದು ಹೇಳಿ ಮಾಡಿಸಿದ ಡಬ್ಬಿ. ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಸಿದು ಹಾಕಿದರೆ ಮರುದಿನ ಬೆಳಿಗ್ಗೆ ಕೋಸಂಬರಿಗೆ ರೆಡಿ. ಮಡಕೆಕಾಳೂ ಚೆನ್ನಾಗಿ ಬರುತ್ತದೆ, ರೊಟ್ಟಿ ಜೊತೆ ಪಲ್ಯಕ್ಕೆ ಅದೇ ನಮ್ಮನೆಯಲ್ಲಿ ಜಾಸ್ತಿ. ಹುರುಳಿ ಮಾತ್ರ ಕಾಟ. ಸಿಪ್ಪೆ ಬಿಟ್ಟು ಟೋಪಿಯ ಸಂದಿಗೆ ಸಿಕ್ಕಿಕೊಳ್ಳುತ್ತದೆ, ನೀರು ಇಳಿಯುವುದಿಲ್ಲ, ತಳದ ಕಾಳು ಕೊಳೆಯುತ್ತದೆ. ಮೇಲಾಗಿ, ಮುದ್ದೆಗೆ ಮೊಳಕೆ ಹುರುಳಿ ಸಾರು ಅಂದರೆ ಎರಡು ಹಿಡಿ ಕಾಳಲ್ಲಿ ಆಗುವ ಮಾತಾ? ಬಟ್ಟಲಿಗೆ ಹಿಡಿಸುವುದೇ ಅಷ್ಟು. ಕಾಳು ಉಬ್ಬಿ ಮೂರು ಪಟ್ಟಾಗುತ್ತದೆ, ಜಾಸ್ತಿ ಹಾಕಿದರೆ ಮುಚ್ಚಳ ಎದ್ದು ಕೂರುತ್ತದೆ.

ಇನ್ನು ಬೇಸಿಗೆ. ಹೊರಗೆ 37-38 ಡಿಗ್ರಿ ಇರುವಾಗ ಅಡುಗೆಮನೆ ಕೇಳಬೇಕಾ. ಬೆಳಿಗ್ಗೆ ಡಬ್ಬಿಗೆ ಹಾಕಿದ ಕಾಳು ಸಂಜೆಗೆ ಲೋಳೆ ಲೋಳೆ, ಹುಳಿ ವಾಸನೆ ಬೇರೆ. ಗಾಳಿಯಾಡದ ಪ್ಲಾಸ್ಟಿಕ್, ತಳದಲ್ಲಿ ಬೆಚ್ಚಗಿನ ನೀರು, ಇನ್ನೇನಾಗುತ್ತದೆ? ನಾಲ್ಕೈದು ಗಂಟೆಗೊಮ್ಮೆ ತೊಳೆದರೆ ಉಳಿಯುತ್ತದೆ ನಿಜ, ಕೆಲಸಕ್ಕೆ ಹೋಗುವವರು ಎಲ್ಲಿಂದ ತೊಳೆಯುವುದು? ಅದೇ ಬಿಸಿಲಲ್ಲಿ ಅಮ್ಮ ಹಳೇ ಪಂಚೆಯಲ್ಲಿ ಕಟ್ಟಿ ತೂಗುಹಾಕಿದ ಕಾಳು ಏನೂ ಆಗದೆ ಮೊಳೆತಿತ್ತು. ಒದ್ದೆ ಬಟ್ಟೆಯ ನೀರು ಆರುತ್ತಾ ಕಾಳನ್ನು ತಂಪಾಗಿಡುತ್ತದೆ, ಗಾಳಿಯೂ ಆಡುತ್ತದೆ. ಮಣ್ಣಿನ ಮಡಕೆಯ ಲೆಕ್ಕವೇ ಇಲ್ಲೂ. ಹಾಗಾಗಿ ಮಾರ್ಚ್ ಕೊನೆಗೆ ಡಬ್ಬಿ ಅಟ್ಟ ಸೇರುತ್ತದೆ.

ಜೂನ್ ಬಂದರೆ ಕಥೆ ಉಲ್ಟಾ. ಆ ಗಾಳಿಗೆ ಬಟ್ಟೆ ಬೇಗ ಒಣಗುತ್ತದೆ, ಕಾಳು ಅರ್ಧ ಮೊಳೆತು ನಿಲ್ಲುತ್ತದೆ. ಡಬ್ಬಿಯಲ್ಲಿ ತೇವ ಉಳಿಯುತ್ತದೆ. ಡಿಸೆಂಬರ್ ಚಳಿಯಲ್ಲಿ ಒಂದು ದಿನ ಜಾಸ್ತಿ ಬೇಕು, ಆದರೆ ವಾಸನೆ ಬಂದಿದ್ದೇ ಇಲ್ಲ.

ಕಾಳು ಮೊಳೆಯದಿದ್ದರೆ ಡಬ್ಬಿಯನ್ನು ಬೈಯುವ ಮೊದಲು ಕಾಳು ನೋಡಿ. ಮಂಡಿಪೇಟೆಯಲ್ಲಿ ತರುವಾಗ ಹೊಸ ಮಾಲು ಅಂತ ಕೇಳಿಯೇ ತರುತ್ತೇನೆ. ಹಳೆಯದಾದರೆ ಅರ್ಧ ಕಾಳು ಸುಮ್ನೆ ಉಬ್ಬಿ ಕೂರುತ್ತದೆ. ಬಿತ್ತನೆ ಬೀಜ ಚೆನ್ನಾಗಿ ಮೊಳೆಯುತ್ತದೆ ಅಂತ ಬೀಜದಂಗಡಿಗೆ ಮಾತ್ರ ಹೋಗಬೇಡಿ. ಅದಕ್ಕೆ ಔಷಧಿ ಸವರಿರುತ್ತಾರೆ. ಬೇರಿನ ಸುತ್ತ ಬಿಳಿ ನವಿರು ಕಂಡರೆ ಬೂಷ್ಟು ಅಂತ ಎಸೆಯಬೇಡಿ. ನೀರು ಹಾಕಿದ ತಕ್ಷಣ ಮಾಯವಾದರೆ ಅದು ಬೇರಿನ ಕೂದಲು. ಜೇಡರ ಬಲೆಯ ಹಾಗೆ ಕಾಳಿನ ಮೇಲೆಲ್ಲಾ ಹಬ್ಬಿ, ವಾಸನೆ ಬಂದರೆ ಪೂರ್ತಿ ಎಸೆಯಿರಿ.

ಹಸಿಯಾಗಿ ತಿನ್ನುವವರಿಗೆ ಇನ್ನೊಂದು ಮಾತು. ಮೊಳಕೆಗೆ ಬೇಕಾದ ಬೆಚ್ಚಗೆ, ತೇವ ಎರಡೂ ಕೆಟ್ಟ ಬ್ಯಾಕ್ಟೀರಿಯಾಗೂ ಇಷ್ಟ. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯಿಂದ ಇ. ಕೋಲಿ ಹರಡಿ 50ಕ್ಕೂ ಹೆಚ್ಚು ಜನ ಸತ್ತರು. ನಮ್ಮನೆಯಲ್ಲಿ ಮಕ್ಕಳಿಗೆ, ವಯಸ್ಸಾದವರಿಗೆ ಬೇಯಿಸಿದ ಉಸಲಿಯೇ. ಬಸುರಿಯರಿಗೂ ಅದೇ ಸರಿ.

ಬಾಳಿಕೆ ಸುಮಾರು. ಮುಚ್ಚಳದ ಅಂಚು ಸೀಳಿದೆ, ಬಟ್ಟಲು ಮಂಕಾಗಿದೆ, ಆದರೂ ಸೋರುವುದಿಲ್ಲ. ಸಿಟ್ಟು ಬಂದಿದ್ದು ಟೋಪಿಯ ವಿಷಯಕ್ಕೆ. ತೊಳೆಯುವಾಗ ಒಂದು ಚರಂಡಿ ಪಾಲಾಯಿತು. ಬಿಡಿ ಟೋಪಿ ಕೊಡಿ ಅಂದರೆ ಮಾರಿದವರು ಹೊಸ ಸೆಟ್ಟೇ ತಗೊಳ್ಳಿ ಅಂದರು. ಈಗ ಎರಡೇ ಬಟ್ಟಲಲ್ಲಿ ನಡೆಯುತ್ತಿದೆ, ಮೂರನೆಯದರಲ್ಲಿ ಬೆಳ್ಳುಳ್ಳಿ ಇಟ್ಟಿದ್ದೇನೆ.

ಇಬ್ಬರು ಮೂವರ ಮನೆ, ಹೆಸರುಕಾಳೇ ಜಾಸ್ತಿ ಅಂದರೆ ಕೊಳ್ಳಿ. ಹುರುಳಿ ಸಾರಿಗೆ ಅಂತಾದರೆ ದುಡ್ಡು ದಂಡ. ಕೊಳ್ಳುವುದೇ ಆದರೆ ಒಂದೆರಡು ಟೋಪಿ ಹೆಚ್ಚಿಗೆ ಕೊಡುವ ಸೆಟ್ ಹುಡುಕಿ.