ಮರದ ಮೇಲೆ ಬಳಸುವ ಚೈನ್ ಸಾಗೆ ಅಷ್ಟು ದುಡ್ಡು ಕೊಡಬೇಕಾ? ಕೆಲವು ವರ್ಷ ಬಳಸಿದ ಮೇಲೆ ಬರೆದ ವಿಮರ್ಶೆ

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮರ ಹತ್ತುವುದೇ ಕಸುಬಾದವರಿಗೆ ಕೊಟ್ಟ ದುಡ್ಡು ವಾಪಸ್ ಬರುತ್ತದೆ. ವರ್ಷಕ್ಕೊಮ್ಮೆ ತೋಟದ ಹಲಸಿನ ಕೊಂಬೆ ಸವರುವವರಿಗೆ ಇದು ಶುದ್ಧ ದಂಡ. ಇವೆರಡರ ನಡುವೆ ಇರುವವರು ಪೂರ್ತಿ ಓದಿ.

ತುಮಕೂರಿನಲ್ಲಿ ಮರ ಸವರುವ, ಮರ ಇಳಿಸುವ ಕೆಲಸ ನನ್ನದು. ಮೇಲೆ ಹತ್ತುವವರು ನಾನು, ನನ್ನ ಭಾಮೈದ ಇಬ್ಬರೇ. ಕೆಳಗೆ ಹಗ್ಗ ಹಿಡಿಯಲು, ತುಂಡು ಮಾಡಲು ಬೇರೆ ಜನ ಇರುತ್ತಾರೆ. ಊರೊಳಗೆ ಆದರೆ ಮನೆ ಮೇಲೆ ವಾಲಿದ ತೆಂಗು, ಕಾಂಪೌಂಡ್ ಸೀಳುತ್ತಿರುವ ಮರ, ಕರೆಂಟ್ ತಂತಿಗೆ ತಾಗುವ ಕೊಂಬೆ. ಊರಾಚೆ ಆದರೆ ಗುಬ್ಬಿ ಕಡೆ ಹಲಸು, ತಿಪಟೂರು ಕಡೆ ವಯಸ್ಸಾದ ತೆಂಗು, ಮಧುಗಿರಿ, ಶಿರಾ, ಪಾವಗಡ ಕಡೆ ಹುಣಸೆ. ಮೊದಲು ಬಳಸುತ್ತಿದ್ದದ್ದು ಆನ್‌ಲೈನಿನಲ್ಲಿ ಸಿಗುವ 25 ಸಿಸಿಯ ಚೈನಾ ಮಿಷನ್. ಈಗ ಕೈಯಲ್ಲಿರುವುದು ಸ್ಟಿಲ್ ಕಂಪನಿಯ ಎಂಎಸ್ 201 ಟಿಸಿ-ಎಂ. 35.2 ಸಿಸಿ, 1.8 ಕಿಲೋವ್ಯಾಟ್, ಬಾರ್ (ಚೈನ್ ಸುತ್ತುವ ಉದ್ದನೆಯ ಪಟ್ಟಿ) ಮತ್ತು ಚೈನ್ ಬಿಟ್ಟು 3.7 ಕೆಜಿ. ಹಸ್ಕ್ವರ್ನಾದವರ ಟಿ540 ಎಕ್ಸ್‌ಪಿ ಕೂಡ ಇದೇ ದರ್ಜೆಯದು. ಬ್ರ್ಯಾಂಡ್ ಜಗಳ ನನಗೆ ಬೇಡ. ಇಲ್ಲಿ ಬರೆಯುವುದರಲ್ಲಿ ಮುಕ್ಕಾಲು ಪಾಲು ಎರಡಕ್ಕೂ ಸಲ್ಲುತ್ತದೆ.

ಗೊತ್ತಿಲ್ಲದವರಿಗೆ ಒಂದು ಮಾತು. ಮಾಮೂಲಿ ಮಿಷನ್‌ಗೆ ಹಿಡಿ ಹಿಂದುಗಡೆ ಇರುತ್ತದೆ. ಮರ ಹತ್ತುವವರದ್ದಕ್ಕೆ ಇಂಜಿನ್ ಮೇಲೇ ಹಿಡಿ. ಮೈಗೆ ಹತ್ತಿರ ಇಟ್ಟುಕೊಂಡು, ರೆಂಬೆಗಳ ಸಂದಿಯಲ್ಲಿ ತೂರಿಸಿ ಕೊಯ್ಯಲು ಅನುಕೂಲ. ಹಿಂದೆ ಒಂದು ಬಳೆ ಇರುತ್ತದೆ, ಅದಕ್ಕೆ ಪಟ್ಟಿ ಹಾಕಿ ಸೊಂಟದ ಬೆಲ್ಟಿಗೆ ನೇತುಹಾಕಿಕೊಳ್ಳಬಹುದು. ನೆಲದ ಮೇಲೆ ಸೌದೆ ತುಂಡು ಮಾಡಲು ಇದನ್ನು ಕೊಳ್ಳಬೇಡಿ. ಅದಕ್ಕೆ ಹಿಂದೆ ಹಿಡಿ ಇರುವ ಮಿಷನ್ ಅಗ್ಗಕ್ಕೂ ಸಿಗುತ್ತದೆ, ಅಪಾಯವೂ ಕಡಿಮೆ.

ಹೊಸದರಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ. ಕೊರಟಗೆರೆ ಕಡೆಯ ಒಬ್ಬ ರೈತರು ಮಿಷನ್ ಎತ್ತಿ ನೋಡಿ, "ಅಣ್ಣ, ಇದು ಜಾಸ್ತಿ ಬೇಗ ಕೊಯ್ಯುತ್ತಾ?" ಅಂದರು. "ಸ್ವಲ್ಪ ಬೇಗ, ಅಷ್ಟೇ ಗೌಡ್ರೆ" ಅಂದೆ. ಅವರಿಗೆ ನಿರಾಸೆ ಆಯಿತು. ಆದರೆ ನಿಜ ಅದೇ. ಮುಂಗೈ ದಪ್ಪದ ಬೇವಿನ ಕೊಂಬೆಯನ್ನು ಹರಿತವಾದ ಚೈನ್ ಹಾಕಿದ ಚೈನಾ ಮಿಷನ್ ಕೂಡ ಸಲೀಸಾಗಿ ಕೊಯ್ಯುತ್ತದೆ. ವ್ಯತ್ಯಾಸ ಇರುವುದು ಕೊಯ್ಯುವ ಹೊತ್ತಿನಲ್ಲಲ್ಲ, ಒಂದು ಕೊಂಬೆಗೂ ಇನ್ನೊಂದು ಕೊಂಬೆಗೂ ನಡುವಿನ ಹೊತ್ತಿನಲ್ಲಿ.

ಮರದ ಮೇಲೆ ಮಿಷನ್ ಓಡುವುದಕ್ಕಿಂತ ಸುಮ್ನೆ ನೇತಾಡುವುದೇ ಹೆಚ್ಚು. ಒಂದು ಕೊಂಬೆ ಬಿತ್ತು, ಆಫ್ ಮಾಡಿದೆ, ಜಾಗ ಬದಲಿಸಿದೆ, ಹಗ್ಗ ಮತ್ತೆ ಕಟ್ಟಿದೆ, ಕೆಳಗಿನವರು ಸರಿದರಾ ನೋಡಿದೆ. ಆಮೇಲೆ ಹಗ್ಗ ಎಳೆದು ಸ್ಟಾರ್ಟ್ ಮಾಡಬೇಕು. ಏಪ್ರಿಲ್ ಬಿಸಿಲಲ್ಲಿ, ಇಂಜಿನ್ ಕಾದಿರುವಾಗ, ಹಳೇ ಮಿಷನ್ ಎಳೆದೂ ಎಳೆದೂ ಭುಜ ಬಿದ್ದು ಹೋಗುತ್ತಿತ್ತು. ತಣ್ಣಗಿದ್ದಾಗ ಸರಿ, ಬಿಸಿಯಾದರೆ ಹಟ. ನೆಲದ ಮೇಲೆ ಆದರೆ ಬೈದುಕೊಂಡು ಹತ್ತು ಸಲ ಎಳೆಯಬಹುದು. ಒಂದು ಕಾಲು ಕೊಂಬೆಯ ಮೇಲೆ, ಮೈ ಭಾರವೆಲ್ಲ ಬೆಲ್ಟಿನ ಮೇಲೆ ಇರುವಾಗ ಪ್ರತಿ ಎಳೆತಕ್ಕೂ ಮೈ ಅಲ್ಲಾಡುತ್ತದೆ. ಅದರ ಜತೆಗೆ ಇನ್ನೊಂದು ಕೆಟ್ಟ ಅಭ್ಯಾಸ ಹತ್ತಿಕೊಳ್ಳುತ್ತದೆ: ಮತ್ತೆ ಸ್ಟಾರ್ಟ್ ಆಗದಿದ್ದರೆ ಅಂತ ಆಫ್ ಮಾಡದೆ, ಓಡುತ್ತಿರುವ ಮಿಷನನ್ನೇ ಸೊಂಟಕ್ಕೆ ನೇತುಹಾಕಿಕೊಂಡು ಜಾಗ ಬದಲಿಸುವುದು. ಮರದ ಮೇಲೆ ಇದಕ್ಕಿಂತ ಅಪಾಯದ ಕೆಲಸ ನನಗೆ ಗೊತ್ತಿಲ್ಲ.

ಈಗಿನದು ಬಿಸಿಯಿದ್ದರೂ ಒಂದು ಅಥವಾ ಎರಡು ಎಳೆತಕ್ಕೆ ಎದ್ದೇಳುತ್ತದೆ. ಹಳೇ ಬಗೆಯ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು-ಗಾಳಿಯ ಅಳತೆಯನ್ನು ಸ್ಕ್ರೂ ತಿರುಗಿಸಿ ಸರಿ ಮಾಡಬೇಕು. ಫಿಲ್ಟರಿಗೆ ಧೂಳು ಕಟ್ಟಿದಂತೆ, ಬಿಸಿಲು ಏರಿದಂತೆ ಆ ಅಳತೆ ತಪ್ಪುತ್ತದೆ. ಇದರಲ್ಲಿ ಎಲೆಕ್ಟ್ರಾನಿಕ್ ವ್ಯವಸ್ಥೆ ಇದೆ. ಸ್ಟಿಲ್‌ನವರು ಎಂ-ಟ್ರಾನಿಕ್ ಅನ್ನುತ್ತಾರೆ, ಹಸ್ಕ್ವರ್ನಾದವರು ಆಟೋಟ್ಯೂನ್ ಅನ್ನುತ್ತಾರೆ. ಅದು ಓಡುತ್ತಿರುವಾಗಲೇ ಅಳತೆ ತಿದ್ದಿಕೊಳ್ಳುತ್ತದೆ. ಬೆಳಿಗ್ಗೆ ಶಿರಾದಲ್ಲಿ ಹುಣಸೆ, ಮಾರನೇ ದಿನ ದೇವರಾಯನದುರ್ಗದ ತಪ್ಪಲಲ್ಲಿ ಮಾವು ಅಂದರೂ ಸ್ಕ್ರೂಡ್ರೈವರ್ ಮುಟ್ಟಬೇಕಾಗಿಲ್ಲ.

ಎರಡನೆಯದು ಐಡಲ್, ಅಂದರೆ ಎಕ್ಸಲರೇಟರ್ ಬಿಟ್ಟಾಗ ಇಂಜಿನ್ ಸುಮ್ನೆ ಓಡುವ ವೇಗ. ಎಕ್ಸಲರೇಟರ್ ಬಿಟ್ಟಾಗ ಚೈನ್ ನಿಲ್ಲಬೇಕು, ಅಲ್ವಾ? ಕ್ಲಚ್ಚಿನ ಸ್ಪ್ರಿಂಗ್ ಸಡಿಲವಾದರೆ, ಅಥವಾ ಐಡಲ್ ಸ್ವಲ್ಪ ಏರಿದರೆ, ಚೈನ್ ಮೆಲ್ಲಗೆ ತೆವಳುತ್ತಲೇ ಇರುತ್ತದೆ. ನೆಲದ ಮೇಲೆ ಇದು ಕಿರಿಕಿರಿ. ಮೇಲೆ ಆದರೆ ಅದೇ ಚೈನ್ ತೊಡೆಯ ಪಕ್ಕ, ನಿಮ್ಮನ್ನು ಹಿಡಿದಿರುವ ಹಗ್ಗದ ಪಕ್ಕ ಇರುತ್ತದೆ. ಚೈನಾ ಮಿಷನ್‌ನಲ್ಲಿ ಇದನ್ನು ಸರಿ ಮಾಡಿದಷ್ಟೂ ಸಲ ಮತ್ತೆ ಬಂದಿತು. ಇದರಲ್ಲಿ ಇದುವರೆಗೆ ಬಂದಿಲ್ಲ. ಚೈನ್ ಬ್ರೇಕ್ ಅಂತೂ ಮಿಷನ್ ಹಿಂದಕ್ಕೆ ಒದ್ದಾಗ ಕೈ ತಾಗದೆಯೂ ಬೀಳುತ್ತದೆ. ಬಾರಿನ ತುದಿಯ ಮೇಲರ್ಧ ಏನಕ್ಕಾದರೂ ತಾಗಿದರೆ ಯಾವ ಮಿಷನ್ ಆದರೂ ಒದೆಯುತ್ತದೆ, ದುಬಾರಿಯದು ಒದೆಯುವುದಿಲ್ಲ ಅಂತೇನೂ ಇಲ್ಲ.

ಇನ್ನು ಪೆಟ್ರೋಲ್ ಸೋರುವುದು. ಸೊಂಟಕ್ಕೆ ನೇತುಹಾಕಿದ ಮಿಷನ್ ತಲೆಕೆಳಗಾಗಿ ತೂಗುತ್ತದೆ. ಅಗ್ಗದ ಮುಚ್ಚಳ ಆಗ ಜಿನುಗುತ್ತದೆ. ಸಂಜೆ ಮನೆಗೆ ಹೋದರೆ ಪ್ಯಾಂಟೆಲ್ಲ ಪೆಟ್ರೋಲ್ ವಾಸನೆ, ತೊಡೆಯ ಚರ್ಮ ಉರಿ. ಯಾವ ಜಾಹೀರಾತಿನಲ್ಲೂ ಈ ವಿಷಯ ಬರುವುದಿಲ್ಲ. ನನ್ನ ಮಟ್ಟಿಗೆ ಬೆಲೆಯ ಒಂದು ಪಾಲು ಆ ಮುಚ್ಚಳಕ್ಕೇ ಸಂದಿತು.

ಹುಣಸೆಯ ಬಗ್ಗೆ ಬೇರೆಯಾಗಿ ಹೇಳಬೇಕು. ಹಳೇ ಹುಣಸೆಯ ಒಳಗಿನ ಕಪ್ಪು ಚೇಗು ಕಬ್ಬಿಣ. ಅಲ್ಲಿ ಚೈನಿಗೆ ಆಯಿಲ್ ಸರಿಯಾಗಿ ಬರದಿದ್ದರೆ ಬಾರ್ ನೀಲಿಗಟ್ಟುತ್ತದೆ. ಅಗ್ಗದ ಮಿಷನ್‌ಗಳ ಆಯಿಲ್ ಪಂಪಿನಲ್ಲಿ ಪ್ಲಾಸ್ಟಿಕ್ ಹಲ್ಲು ಇರುತ್ತದೆ, ಬಿಸಿಗೆ ಸವೆದು ಹೋಗುತ್ತದೆ. ಆಯಿಲ್ ನಿಂತದ್ದು ಹೊಗೆ ಬಂದ ಮೇಲೇ ಗೊತ್ತಾಗುವುದು. 201ರಲ್ಲಿ ಆಯಿಲ್ ಎಷ್ಟು ಹರಿಯಬೇಕು ಅಂತ ಹೆಚ್ಚು ಕಡಿಮೆ ಮಾಡಬಹುದು. ಹುಣಸೆಗೆ ಹೆಚ್ಚು, ಹಸಿ ನುಗ್ಗೆಗೆ ಕಡಿಮೆ. ತೆಂಗು ಬೇರೆ ತರದ ಕಾಟ. ಮರ ಮೆತ್ತಗೆ ಕಂಡರೂ ನಾರಿನಲ್ಲಿ ಮರಳಿನಂಥ ಅಂಶ ಇರುವುದರಿಂದ ಚೈನ್ ಬೇಗ ಮೊಂಡಾಗುತ್ತದೆ. ನಾರೆಲ್ಲ ಒಳಗೆ ಸುತ್ತಿಕೊಳ್ಳುತ್ತದೆ. ಇದರಲ್ಲಿ ದುಬಾರಿ, ಅಗ್ಗ ಅಂತ ಭೇದವಿಲ್ಲ. ಎರಡನ್ನೂ ಬಿಚ್ಚಿ ಕೆರೆಯಲೇಬೇಕು.

ತೂಕದಲ್ಲಿ ನಾನು ಪೂರ್ತಿ ಖುಷಿಯಾಗಿಲ್ಲ. 3.7 ಕೆಜಿಗೆ ಬಾರ್, ಚೈನ್, ಪೆಟ್ರೋಲ್, ಆಯಿಲ್ ಸೇರಿದರೆ ಮಧ್ಯಾಹ್ನದ ಹೊತ್ತಿಗೆ ಮೊಣಕೈ ಗೊತ್ತಾಗುತ್ತದೆ. ನಡುಕ ಕಡಿಮೆ ಇರುವುದರಿಂದ ಬೆರಳು ಜೋಮು ಹಿಡಿಯುವುದು ನಿಂತಿದೆ, ಅದು ದೊಡ್ಡ ಲಾಭ. ಆದರೂ ಬರೀ ರೆಂಬೆ ಸವರುವ ಕೆಲಸವಿದ್ದರೆ ನಾನು ಇದನ್ನು ಹತ್ತಿಸುವುದೇ ಇಲ್ಲ. ಬಾಗಿದ ಬ್ಲೇಡಿನ, ಎಳೆದಾಗ ಕೊಯ್ಯುವ ಒಳ್ಳೆ ಕೈಗರಗಸ ಸಾಕು. ಹೆಬ್ಬೆರಳಿನಿಂದ ಮಣಿಕಟ್ಟಿನ ದಪ್ಪದವರೆಗೆ ಅದರ ಮುಂದೆ ಯಾವ ಮಿಷನ್ನೂ ಬೇಡ.

ಪೆಟ್ರೋಲಿನ ವಿಷಯಕ್ಕೆ ಬರೋಣ, ಇಲ್ಲಿ ದುಬಾರಿ ಮಿಷನ್ ಇಟ್ಟುಕೊಂಡವರು ಜಾಸ್ತಿ ಹುಷಾರಾಗಿರಬೇಕು. 2023ರ ಫೆಬ್ರವರಿ 6ರಂದು ಪ್ರಧಾನಿಯವರು ಬೆಂಗಳೂರಿನಲ್ಲಿ ಶೇ 20 ಎಥೆನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ಕೊಟ್ಟರು. ಅದೇ ದಿನ ನಮ್ಮ ಗುಬ್ಬಿ ತಾಲ್ಲೂಕಿಗೆ ಬಂದು ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟಿಸಿದರು. ಊರೆಲ್ಲ ಹೆಲಿಕಾಪ್ಟರ್ ಮಾತಾಡಿತು, ನಮ್ಮ ಕಸುಬಿಗೆ ತಟ್ಟಿದ್ದು ಮಾತ್ರ ಪೆಟ್ರೋಲು. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ತೇವ ಮಿತಿ ಮೀರಿದರೆ ನೀರು, ಎಥೆನಾಲ್ ಎರಡೂ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಟ್ಯಾಂಕಿನಲ್ಲಿ ವಾರಗಟ್ಟಲೆ ಬಿಟ್ಟರೆ ಪೆಟ್ರೋಲ್ ಪೈಪು, ಕಾರ್ಬ್ಯುರೇಟರಿನ ಒಳಗಿನ ತೆಳು ಪೊರೆ ಎರಡೂ ಹಾಳಾಗುತ್ತವೆ. ಅದಕ್ಕೇ ನಾನು ಬೇಕಾದಷ್ಟು ಪೆಟ್ರೋಲಿಗೆ ಮಾತ್ರ ಆಯಿಲ್ ಬೆರೆಸುವುದು. ಒಂದು ಲೀಟರಿಗೆ 20 ಎಂಎಲ್ ಒಳ್ಳೆ ಟೂ ಸ್ಟ್ರೋಕ್ ಆಯಿಲ್, ಅಂದರೆ ಐವತ್ತಕ್ಕೆ ಒಂದು. ಕೆಲವು ದಿನ ಕೆಲಸ ಇಲ್ಲ ಅಂತ ಗೊತ್ತಾದರೆ ಟ್ಯಾಂಕ್ ಖಾಲಿ ಮಾಡಿ, ಮಿಷನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡುತ್ತೇವೆ. ಕೊಳ್ಳುವ ಮುಂಚೆ ಪುಸ್ತಕದಲ್ಲಿ ಎಥೆನಾಲ್ ಎಷ್ಟರವರೆಗೆ ಸರಿ ಅಂತ ಬರೆದಿದೆಯೋ ಓದಿಕೊಳ್ಳಿ.

ಚೈನಿನ ಖರ್ಚು ಎರಡಕ್ಕೂ ಒಂದೇ. ಮೊಂಡ ಚೈನಿನ ದುಬಾರಿ ಮಿಷನ್‌ಗಿಂತ ಹರಿತ ಚೈನಿನ ಅಗ್ಗದ ಮಿಷನ್ ಸಾವಿರ ಪಾಲು ಮೇಲು. ನನ್ನದರ ಚೈನಿಗೆ 4 ಎಂಎಂ ದುಂಡನೆ ಅರ ಬೇಕು. ಟ್ಯಾಂಕ್ ತುಂಬುವಾಗಲೆಲ್ಲ ಹಲ್ಲಿಗೆ ಎರಡು ಮೂರು ಉಜ್ಜು ಕೊಟ್ಟರೆ ಸಾಕು.

ಸರ್ವಿಸ್ ವಿಷಯ ಬೇಸರದ್ದು. ಎಲೆಕ್ಟ್ರಾನಿಕ್ ಕಾರ್ಬ್ಯುರೇಟರ್ ಸ್ಕ್ರೂಡ್ರೈವರಿಗೆ ಬಗ್ಗುವುದಿಲ್ಲ. ತೊಂದರೆ ಬಂದರೆ ಕಂಪ್ಯೂಟರ್ ಜೋಡಿಸಿ ನೋಡುವ ಡೀಲರ್ ಹತ್ತಿರವೇ ಹೋಗಬೇಕು. ಒಂದು ಸಲ ಒಂದು ಸಣ್ಣ ಬಿಡಿಭಾಗಕ್ಕೆ ಒಬ್ಬ ಡೀಲರ್ "ನಾಳೆ ಬರುತ್ತೆ, ನಾಡಿದ್ದು ಬರುತ್ತೆ" ಅಂತ ವಾರಗಟ್ಟಲೆ ಅಲೆದಾಡಿಸಿದರು. ಅಷ್ಟು ದಿನ ಹಳೇ ಚೈನಾ ಮಿಷನ್ನೇ ಕೈ ಹಿಡಿಯಿತು. ಅದರ ಭಾಗಗಳು ಎಲ್ಲಿ ಬೇಕಾದರೂ ಸಿಗುತ್ತವೆ, ಯಾವ ಮೆಕ್ಯಾನಿಕ್ ಆದರೂ ಬಿಚ್ಚುತ್ತಾನೆ. ಇದು ಅದರ ನಿಜವಾದ ಗುಣ, ಒಪ್ಪಿಕೊಳ್ಳಬೇಕು. ಇವತ್ತಿಗೂ ಅದು ಗಾಡಿಯಲ್ಲಿ ಇರುತ್ತದೆ.

ದುಡ್ಡಿನ ಲೆಕ್ಕ ಹೀಗೆ. ನನ್ನ ಮಿಷನ್‌ಗೆ ಒಳ್ಳೆ ಸೆಕೆಂಡ್ ಹ್ಯಾಂಡ್ ಬೈಕಿನ ದುಡ್ಡು ಹೋಯಿತು. ಚೈನಾದ್ದಕ್ಕೆ ಹೋಲಿಸಿದರೆ ಹಲವು ಪಟ್ಟು. ಆದರೆ ತಂತಿ ಪಕ್ಕದ ಮರಕ್ಕೆ ಅನುಮತಿ ತೆಗೆದುಕೊಂಡು, ಲೈನ್ ಆಫ್ ಮಾಡಿಸಿ, ಟ್ರ್ಯಾಕ್ಟರ್ ಕರೆಸಿ, ಆಳುಗಳನ್ನು ನಿಲ್ಲಿಸಿಕೊಂಡ ಮೇಲೆ ಮಿಷನ್ ಕೈ ಕೊಟ್ಟರೆ ಆ ದಿನದ ಕೂಲಿ, ಬಾಡಿಗೆ ಎಲ್ಲ ನಮ್ಮ ಜೇಬಿನಿಂದ. ಲೈನ್ ಆಫ್ ಇನ್ನೊಂದು ಸಲ ಸಿಗುವುದು ಯಾವಾಗಲೋ. ಇಂಥ ದಿನಗಳು ಕೆಲವೇ ತಪ್ಪಿದರೂ ಬೆಲೆಯ ವ್ಯತ್ಯಾಸ ಮುಚ್ಚಿಹೋಗುತ್ತದೆ. ಇಂಥ ಕೆಲಸ ನಿಮಗೆ ಇಲ್ಲವಾದರೆ ಈ ಲೆಕ್ಕವೂ ನಿಮ್ಮದಲ್ಲ.

ಇನ್ನೊಂದು ಮಾತು, ಇದನ್ನು ಒತ್ತಿ ಹೇಳುತ್ತೇನೆ. ಕೈಯಲ್ಲಿ ಇಷ್ಟೇ ದುಡ್ಡು ಅಂತಿದ್ದರೆ ಅದು ಮಿಷನ್‌ಗೆ ಹೋಗುವುದು ಕೊನೆಯಲ್ಲಿ. ಮೊದಲು ಸರಿಯಾದ ಬೆಲ್ಟು, ಹಗ್ಗ, ಹೆಲ್ಮೆಟ್ಟು, ಕಿವಿಯ ಮುಚ್ಚಳ, ಚೈನ್ ತಾಗಿದರೆ ನಾರು ಬಿಟ್ಟು ಅದನ್ನು ನಿಲ್ಲಿಸುವ ಪ್ಯಾಂಟು. ಕೊಯ್ಯುವಾಗ ಎರಡು ಕಡೆ ಕಟ್ಟಿಕೊಂಡಿರಬೇಕು, ಅದರಲ್ಲಿ ಒಂದು ಹಗ್ಗದ ಒಳಗೆ ಸ್ಟೀಲ್ ತಂತಿ ಇದ್ದರೆ ಒಳ್ಳೆಯದು. ನಮ್ಮ ಕಡೆ ಲುಂಗಿ ಎತ್ತಿಕಟ್ಟಿ, ಬರಿಗಾಲಲ್ಲಿ, ಒಂದೇ ಕೈಯಲ್ಲಿ ಮಿಷನ್ ಹಿಡಿದು ಕೊಯ್ಯುವವರನ್ನು ದಿನಾ ನೋಡುತ್ತೇವೆ. ಹಿಡಿ ಮೇಲಿರುವುದೇ ಒಂದು ಕೈಯಲ್ಲಿ ಹಿಡಿಯಲು ಅಂತ ಬಹಳ ಜನ ತಿಳಿದಿದ್ದಾರೆ. ಕಂಪನಿಯವರ ಪುಸ್ತಕ ಎರಡೂ ಕೈ ಅನ್ನುತ್ತದೆ. ನಾನೂ ಅದನ್ನೇ ಅನ್ನುತ್ತೇನೆ.

ನಡುವಿನವರಿಗೆ, ಅಂದರೆ ಸೀಸನ್‌ನಲ್ಲಿ ಮಾತ್ರ ಮರದ ಕೆಲಸ ಮಾಡುವವರಿಗೆ, ಸ್ಟಿಲ್ ಎಂಎಸ್ 194 ಟಿ ಅಥವಾ ಹಸ್ಕ್ವರ್ನಾ ಟಿ435 ತರದ್ದು ಸಾಕು ಅಂತ ನನ್ನ ಅಭಿಪ್ರಾಯ. 194 ಟಿ 31.8 ಸಿಸಿ, 1.4 ಕಿಲೋವ್ಯಾಟ್, 3.3 ಕೆಜಿ. ಶಕ್ತಿ ಸ್ವಲ್ಪ ಕಡಿಮೆ, ತೂಕವೂ ಕಡಿಮೆ. ಸ್ಕ್ರೂ ಇರುವ ಕಾರ್ಬ್ಯುರೇಟರ್ ಆದ್ದರಿಂದ ಊರಿನ ಮೆಕ್ಯಾನಿಕ್ ಕೂಡ ಮುಟ್ಟಬಹುದು. ಭಾಮೈದ ತನಗೆ ಅಂತ ತೆಗೆದುಕೊಂಡರೆ ಅದನ್ನೇ ತಗೋ ಅಂದಿದ್ದೇನೆ. ಬ್ಯಾಟರಿಯವು ಬಡಾವಣೆಗಳ ಒಳಗೆ ಹೆಚ್ಚು ಸದ್ದಿಲ್ಲದೆ ಕೆಲಸ ಮಾಡಲು ಚೆನ್ನ. ಸ್ಟಾರ್ಟ್ ಮಾಡುವ ರಗಳೆಯೇ ಇಲ್ಲ. ಆದರೆ ಪಾವಗಡದ ಹೊಲದ ನಡುವೆ ಎರಡನೇ ಬ್ಯಾಟರಿಯೂ ಖಾಲಿಯಾದರೆ ಚಾರ್ಜ್ ಎಲ್ಲಿ ಹಾಕುವುದು?

ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದರೆ ಮಾರುವವರ ಎದುರಿಗೇ ಸೈಲೆನ್ಸರ್ ಬಿಚ್ಚಿಸಿ. ಆ ಕಿಂಡಿಯಲ್ಲಿ ಟಾರ್ಚ್ ಬಿಟ್ಟರೆ ಪಿಸ್ಟನ್ ಕಾಣುತ್ತದೆ. ಅದರ ಮೇಲೆ ಉದ್ದುದ್ದ ಗೀರು ಇದ್ದರೆ ಪೆಟ್ರೋಲಿಗೆ ಆಯಿಲ್ ಬೆರೆಸದೆಯೋ, ಗಾಳಿ ಹೆಚ್ಚು ಪೆಟ್ರೋಲ್ ಕಡಿಮೆ ಇರುವ ಅಳತೆಯಲ್ಲೋ ಓಡಿಸಿದ್ದಾರೆ ಅಂತ ಅರ್ಥ, ಎಷ್ಟಕ್ಕೆ ಕೊಟ್ಟರೂ ಬೇಡ. ಆಮೇಲೆ ಸ್ಟಾರ್ಟ್ ಮಾಡಿಸಿ ಚೆನ್ನಾಗಿ ಬಿಸಿ ಮಾಡಿ, ಆಫ್ ಮಾಡಿ, ಒಂದು ಟೀ ಕುಡಿದು ಬಂದು ಮತ್ತೆ ಎಳೆದು ನೋಡಿ. ಐಡಲ್‌ನಲ್ಲಿ ಚೈನ್ ನಿಂತಿದೆಯಾ ನೋಡಿ. ಬಿಲ್ ಕೇಳಿ. ಬಿಲ್ ಇಲ್ಲದ ಎಂ-ಟ್ರಾನಿಕ್ ಮಿಷನ್ ನನ್ನ ಹತ್ತಿರವೂ ಮಾರಲು ಬಂದಿತ್ತು, ವಾಪಸ್ ಕಳಿಸಿದೆ.