ಜಿಮೇಲ್‌ನ 30 ಸೆಕೆಂಡು: ಮೆಕ್ಕೆಜೋಳದ ಆಫೀಸಿನಲ್ಲಿ ನಾಲ್ಕು ವರ್ಷ ಬಳಸಿದ ಮೇಲೆ

ನಾನು ಕೆಲಸ ಮಾಡುವುದು ದಾವಣಗೆರೆಯ ಒಂದು ಮೆಕ್ಕೆಜೋಳ ವ್ಯಾಪಾರದ ಆಫೀಸಿನಲ್ಲಿ. ಹತ್ತನೇ ತರಗತಿವರೆಗೆ ಓದಿದ್ದು ಕನ್ನಡ ಮಾಧ್ಯಮ, ಆಮೇಲೆ ಬಿ.ಕಾಂ. 2021ರಲ್ಲಿ ಇಲ್ಲಿ ಸೇರಿದೆ. ನಮ್ಮ ಮಾಲು ಜಾಸ್ತಿ ಹೋಗುವುದು ತಮಿಳುನಾಡಿನ ನಾಮಕ್ಕಲ್ ಕಡೆಗೆ, ಕೋಳಿ ಆಹಾರ ಮಾಡುವವರಿಗೆ. ಅವರಿಗೆ ಕನ್ನಡ ಬರುವುದಿಲ್ಲ, ನಮಗೆ ತಮಿಳು ಬರುವುದಿಲ್ಲ. ಫೋನಿನಲ್ಲಾದರೆ ಹೇಗೋ ಅವರದೊಂದು ಮಾತು, ನಮ್ಮದೊಂದು ಮಾತು ಸೇರಿಸಿ ಕೆಲಸ ಆಗುತ್ತದೆ. ಆದರೆ ತೂಕ, ತೇವಾಂಶ, ಬಾಕಿ ಇವೆಲ್ಲ ಬರವಣಿಗೆಯಲ್ಲೇ ಬೇಕು. ಬರವಣಿಗೆ ಅಂದರೆ ಇಂಗ್ಲಿಷ್ ಮೇಲ್.

"ಮೇಲ್ ಬರೆಯೋದು ಎಲ್ಲಿ ಕಲಿತೆ, ಯಾವ ಕೋರ್ಸು?" ಅಂತ ತುಂಬಾ ಜನ ಕೇಳುತ್ತಾರೆ. ಕೋರ್ಸು ಯಾವುದೂ ಇಲ್ಲ. ನಾನು ಕಲಿತದ್ದು ಎಲ್ಲರ ಹತ್ತಿರವೂ ಇರುವ ಜಿಮೇಲ್‌ನ ಮಾಮೂಲಿ ಪುಕ್ಕಟೆ ಖಾತೆಯಲ್ಲಿ. ಅದರಲ್ಲೂ ಸೆಂಡ್ ಒತ್ತಿದ ಮೇಲೂ ಕೆಲವು ಸೆಕೆಂಡಿನೊಳಗೆ ಮೇಲನ್ನು ತಡೆಯಬಹುದಾದ ಅನ್‌ಡೂ ಸೆಂಡ್ ಎಂಬ ಒಂದೇ ಸೌಲಭ್ಯದಿಂದ ಅರ್ಧಕ್ಕಿಂತ ಜಾಸ್ತಿ ಕಲಿತೆ. ಹಾಗಾಗಿ ಈ ವಿಮರ್ಶೆ ಮುಖ್ಯವಾಗಿ ಅದರದು.

ಮೊದಲು ನಾನು ಮಾಡಿದ ತಪ್ಪು ಹೇಳಬೇಕು. ಸೇರಿದ ಮೂರನೇ ತಿಂಗಳು. ಒಬ್ಬ ಹಳೇ ಗಿರಾಕಿಯಿಂದ ದುಡ್ಡು ಬರುವುದು ತಡವಾಗಿತ್ತು. ಕನ್ನಡದಲ್ಲಾಗಿದ್ದರೆ ನಾನು "ಯಾಕೆ ಸರ್, ಪೇಮೆಂಟ್ ಇನ್ನೂ ಆಗಿಲ್ಲವಲ್ಲ?" ಅಂತ ಕೇಳುತ್ತಿದ್ದೆ. ಅದನ್ನೇ ಇಂಗ್ಲಿಷಿಗೆ ಎತ್ತಿ ಇಟ್ಟೆ: "ವೈ ಪೇಮೆಂಟ್ ಈಸ್ ನಾಟ್ ಡನ್?" ಕೆಳಗೆ ಹೆಸರು ಹಾಕಿ ಕಳಿಸಿಬಿಟ್ಟೆ. ಅರ್ಧ ಗಂಟೆಯಲ್ಲಿ ಆ ಗಿರಾಕಿ ನೇರ ನಮ್ಮ ಸಾಹುಕಾರರಿಗೆ ಫೋನ್ ಮಾಡಿದರು. ಸಾಹುಕಾರರು ಬಂದು ಕೇಳಿದರು: "ಏನ್ ಬರೆದೀಯವ್ವಾ ಅವರಿಗೆ? ಹದಿನೈದು ವರ್ಷದ ವ್ಯವಹಾರ, ಬೇಜಾರ್ ಮಾಡ್ಕಂಡಾರೆ."

ನನಗೆ ಅವತ್ತು ಊಟ ಸೇರಲಿಲ್ಲ. ವ್ಯಾಕರಣ ತಪ್ಪಿದ್ದಕ್ಕಲ್ಲ. ನಾನು ಮರ್ಯಾದೆಯಿಂದಲೇ ಕೇಳಿದ್ದೆ, ಆ ಮರ್ಯಾದೆ ಅವರಿಗೆ ತಲುಪಿರಲಿಲ್ಲ. ಅದು ದಾರಿಯಲ್ಲಿ ಎಲ್ಲಿ ಬಿದ್ದುಹೋಯಿತು ಅಂತ ಬಹಳ ದಿನ ಯೋಚನೆ ಮಾಡಿದೆ. ಕನ್ನಡದಲ್ಲಿ ಗೌರವ ಕ್ರಿಯಾಪದದ ಒಳಗೇ ಇರುತ್ತದೆ. "ಕಳಿಸು" ಬೇರೆ, "ಕಳಿಸಿ" ಬೇರೆ, "ಕಳಿಸಿಕೊಡಿ" ಇನ್ನೂ ಬೇರೆ. "ಆಗಿಲ್ಲವಲ್ಲ" ಎಂಬ ಮಾತಿನ ಕೊನೆಯ "ಅಲ್ಲ" ಇದೆಯಲ್ಲ, ಅದೇ ಅರ್ಧ ಬಿಸಿ ಇಳಿಸುತ್ತದೆ. ಇಂಗ್ಲಿಷಿನ "ಸೆಂಡ್"ಗೆ ಅಂಥ ಬಾಲ ಇಲ್ಲ. ಬಾಲ ಕತ್ತರಿಸಿದ ಮಾತು ಆ ಕಡೆಯವರಿಗೆ ಜಬರ್ದಸ್ತಿನ ಹಾಗೆ ಕೇಳಿಸುತ್ತದೆ.

ಇದು ಗೊತ್ತಾದ ಮೇಲೆ ನಾನು ಇನ್ನೊಂದು ತುದಿಗೆ ಹೋದೆ. ಶಾಲೆಯಲ್ಲಿ ರಜಾ ಅರ್ಜಿ ಬರೆಯುವುದು ಕಲಿಸಿದ್ದರು ಅಲ್ವಾ? "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ..." ಇಂಗ್ಲಿಷಿನಲ್ಲೂ ಅದೇ ಅಚ್ಚು ಹಿಡಿದುಕೊಂಡೆ. ರೆಸ್ಪೆಕ್ಟೆಡ್ ಸರ್, ವಿತ್ ರೆಫರೆನ್ಸ್ ಟು ದಿ ಅಬೌ ಸಬ್ಜೆಕ್ಟ್, ಐ ವುಡ್ ಲೈಕ್ ಟು ಬ್ರಿಂಗ್ ಟು ಯುವರ್ ಕೈಂಡ್ ನೋಟಿಸ್, ಕೊನೆಗೆ ಕೈಂಡ್ಲಿ ಡು ದಿ ನೀಡ್‌ಫುಲ್, ಅಂದರೆ ದಯವಿಟ್ಟು ಬೇಕಾದದ್ದು ಮಾಡಿ. ಒಂದೇ ಮೇಲ್‌ನಲ್ಲಿ ನಾಲ್ಕು ಸಲ ಕೈಂಡ್ಲಿ.

ಇದರಿಂದಲೂ ನಷ್ಟವೇ ಆಯಿತು. ಒಂದು ಲಾರಿ ಲೋಡು ಕಳಿಸಿದ್ದೆವು. ನಮ್ಮ ವೇಬ್ರಿಡ್ಜ್ (ಲಾರಿ ತೂಗುವ ಕಾಟಾ) ಚೀಟಿಯಲ್ಲಿ 24,860 ಕೆ.ಜಿ. ಅವರ ಚೀಟಿಯಲ್ಲಿ 24,540. ವ್ಯತ್ಯಾಸ 320 ಕೆ.ಜಿ. ಕ್ವಿಂಟಲ್‌ಗೆ 2,100 ರೂಪಾಯಿ ದರ, ಅಂದರೆ 6,720 ರೂಪಾಯಿ. ನಾನು ಹತ್ತು ಸಾಲಿನ ಮೇಲ್ ಬರೆದೆ. ಲಾರಿ ಎಷ್ಟು ಗಂಟೆಗೆ ಹೊರಟಿತು, ಯಾರು ಲೋಡ್ ಮಾಡಿಸಿದರು, ಎಷ್ಟು ಚೀಲ, ಎಲ್ಲವೂ ಇತ್ತು. ತೂಕದ ವಿಷಯ ಬಂದದ್ದು ಒಂಬತ್ತನೇ ಸಾಲಿನಲ್ಲಿ. ಹತ್ತನೆಯದು ಡು ದಿ ನೀಡ್‌ಫುಲ್. "ನೋಟೆಡ್, ಥ್ಯಾಂಕ್ಸ್" ಅಂತ ಉತ್ತರ ಬಂತು. ಅವರು ಅಲ್ಲಿವರೆಗೆ ಓದೇ ಇರಲಿಲ್ಲ. ಓದಿದ್ದರೂ ಏನು ಮಾಡಬೇಕು ಅಂತ ನಾನು ಎಲ್ಲೂ ಹೇಳಿರಲಿಲ್ಲ. ಯಾವ ನೀಡ್‌ಫುಲ್? ಚೀಟಿ ನೋಡಬೇಕಾ, ದುಡ್ಡು ಹಾಕಬೇಕಾ?

ಕನ್ನಡದಲ್ಲಿ ನಾವು ಕಾರಣ ಮೊದಲು ಹೇಳಿ, ಕೆಲಸದ ಮಾತು ಕೊನೆಗೆ ಇಡುತ್ತೇವೆ. ಬಂದವರನ್ನು ಕೂರಿಸಿ, ನೀರು ಕೊಟ್ಟು, ಆಮೇಲೆ ವಿಷಯ ಎತ್ತುವುದು ನಮ್ಮ ರೀತಿ. ಅದರಲ್ಲಿ ತಪ್ಪೇನೂ ಇಲ್ಲ, ಎದುರು ಕೂತವರ ಹತ್ತಿರ ಅದೇ ಚೆಂದ. ಆದರೆ ದಿನಕ್ಕೆ ಅರವತ್ತು ಮೇಲ್ ನೋಡುವ ಮನುಷ್ಯ ಮೊದಲ ಎರಡು ಸಾಲಿನಲ್ಲಿ ವಿಷಯ ಸಿಗದಿದ್ದರೆ ಮುಂದಕ್ಕೆ ಹೋಗಿಬಿಡುತ್ತಾನೆ. ಅವನ ಸಮಯ ಉಳಿಸುವುದೇ ಅಲ್ಲಿ ಮರ್ಯಾದೆ.

ಇಷ್ಟೆಲ್ಲ ಗೊತ್ತಾದರೂ ಕೈ ಕೇಳಬೇಕಲ್ಲ. ಬರೆಯುವಾಗ ಕೈ ಹಳೇ ದಾರಿಯನ್ನೇ ಹಿಡಿಯುತ್ತದೆ. ಕಳಿಸಿದ ಮರುಕ್ಷಣ ತಪ್ಪು ಕಣ್ಣಿಗೆ ಹೊಡೆಯುತ್ತದೆ. ಬರೆಯುವಾಗ ಕಾಣದ್ದು ಕಳಿಸಿದ ತಕ್ಷಣ ಯಾಕೆ ಕಾಣುತ್ತದೋ! ಆ ಗಳಿಗೆಯಲ್ಲೇ ಅನ್‌ಡೂ ಸೆಂಡ್ ನೆರವಿಗೆ ಬರುವುದು.

ಕೆಲಸ ಸರಳ. ಸೆಂಡ್ ಒತ್ತಿದ ಮೇಲೆ ಜಿಮೇಲ್ ಸ್ವಲ್ಪ ಹೊತ್ತು ಮೇಲನ್ನು ತನ್ನ ಹತ್ತಿರವೇ ಇಟ್ಟುಕೊಳ್ಳುತ್ತದೆ. ಅಷ್ಟರೊಳಗೆ ಅನ್‌ಡೂ ಒತ್ತಿದರೆ ಮೇಲ್ ಮತ್ತೆ ತೆರೆದುಕೊಳ್ಳುತ್ತದೆ. ಸುಮ್ನೆ ಬಿಟ್ಟರೆ 5 ಸೆಕೆಂಡ್ ಮಾತ್ರ ಸಿಗುವುದು. ಸೆಟ್ಟಿಂಗ್ಸ್‌ನಲ್ಲಿ 10, 20 ಅಥವಾ 30 ಮಾಡಿಕೊಳ್ಳಬಹುದು. ಒಂದು ವಿಷಯ ನೆನಪಿರಲಿ. ಇದು ಹೋದ ಮೇಲನ್ನು ವಾಪಸ್ ಎಳೆದು ತರುವುದಲ್ಲ. 30 ಸೆಕೆಂಡ್ ಮುಗಿದರೆ ಮುಗಿಯಿತು, ಮೇಲ್ ಅವರದು.

5 ಸೆಕೆಂಡಿನಲ್ಲಿ ಗಾಬರಿ ಮಾತ್ರ ಆಗುತ್ತದೆ. 30 ಸೆಕೆಂಡಿನಲ್ಲಿ ಒಂದು ಸಣ್ಣ ಮೇಲನ್ನು ಪೂರ್ತಿ ಓದಬಹುದು. ನಾನು ಅದನ್ನೇ ರೂಢಿ ಮಾಡಿಕೊಂಡೆ. ಸೆಂಡ್ ಒತ್ತುವ ಮುಂಚೆ ಮೇಲ್‌ನ ಪಠ್ಯವನ್ನು ಪಕ್ಕದಲ್ಲಿ ನೋಟ್‌ಪ್ಯಾಡಿಗೆ ಕಾಪಿ ಮಾಡಿ ಇಡುತ್ತಿದ್ದೆ. ಒತ್ತಿದ ಕೂಡಲೇ ನಾಮಕ್ಕಲ್‌ನಲ್ಲಿ ಕೂತವರು ನಾನೇ ಅಂದುಕೊಂಡು ಅದನ್ನು ಓದುತ್ತಿದ್ದೆ. ಇವರಿಗೆ ನನ್ನಿಂದ ಏನು ಬೇಕು? ಯಾವತ್ತಿಗೆ ಬೇಕು? ಈ ಎರಡಕ್ಕೆ ಮೊದಲ ಎರಡು ಸಾಲಿನಲ್ಲಿ ಉತ್ತರ ಸಿಗದಿದ್ದರೆ ಅನ್‌ಡೂ. ಮೊದಲ ವರ್ಷ ಅನ್‌ಡೂ ಒತ್ತದ ದಿನವೇ ಇರಲಿಲ್ಲ. ಈಗ ವಾರಕ್ಕೆ ಒಂದೋ ಎರಡೋ ಸಲ.

ಆ ತೂಕದ ಮೇಲನ್ನು ಕೊನೆಗೆ ಹೀಗೆ ಬರೆದು ಮತ್ತೆ ಕಳಿಸಿದೆ. ವಿಷಯದ ಸಾಲಿನಲ್ಲಿ ಲಾರಿ ನಂಬರ್, ಪಕ್ಕದಲ್ಲಿ "320 ಕೆ.ಜಿ. ಡಿಫರೆನ್ಸ್". ಒಳಗೆ: "ಅವರ್ ಸ್ಲಿಪ್ ಶೋಸ್ 24,860 ಕೆ.ಜಿ. ಯುವರ್ಸ್ ಶೋಸ್ 24,540. ಕುಡ್ ಯೂ ಪ್ಲೀಸ್ ಚೆಕ್ ಅಂಡ್ ಲೆಟ್ ಮಿ ನೋ ಬೈ ಥರ್ಸ್‌ಡೇ? ಬೋತ್ ಸ್ಲಿಪ್ಸ್ ಆರ್ ಅಟ್ಯಾಚ್ಡ್." ಅಷ್ಟೇ. ರೆಸ್ಪೆಕ್ಟೆಡ್ ಇಲ್ಲ, ಡಿಯರ್ ಜೊತೆಗೆ ಅವರ ಹೆಸರು. ಪ್ಲೀಸ್ ಒಂದೇ ಒಂದು. "ಕುಡ್ ಯೂ" ಎಂಬುದೇ ನಮ್ಮ "ಕಳಿಸಿಕೊಡಿ"ಯ ಬಾಲದ ಕೆಲಸ ಮಾಡುತ್ತದೆ. ಬುಧವಾರವೇ ಉತ್ತರ ಬಂತು. ಅವರ ಕಡೆ ಖಾಲಿ ಲಾರಿಯ ತೂಕ ತಪ್ಪಾಗಿ ಹಿಡಿದಿದ್ದರು. ದುಡ್ಡು ಮುಂದಿನ ಬಿಲ್‌ನಲ್ಲಿ ಸೇರಿತು.

ಬಾಕಿ ಕೇಳುವ ಮೇಲ್‌ಗೆ "ವೈ" ಎಂಬ ಪದವನ್ನೇ ಬಿಟ್ಟಿದ್ದೇನೆ. ಬಿಲ್ ನಂಬರ್, ಮೊತ್ತ, ಕೊಡಬೇಕಿದ್ದ ತಾರೀಖು, ಆಮೇಲೆ "ಯಾವತ್ತು ಬರಬಹುದು ಅಂತ ತಿಳಿಸುತ್ತೀರಾ?" ಎಂಬ ಒಂದು ಪ್ರಶ್ನೆ. ಯಾಕೆ ಕೊಟ್ಟಿಲ್ಲ ಅಂದರೆ ಮನುಷ್ಯ ಸಮಜಾಯಿಷಿ ಹುಡುಕುತ್ತಾನೆ, ಯಾವಾಗ ಅಂದರೆ ತಾರೀಖು ಹುಡುಕುತ್ತಾನೆ. ನಮಗೆ ಬೇಕಾದದ್ದು ತಾರೀಖು.

ಜಿಮೇಲ್‌ನ ಇನ್ನೊಂದು ಒಳ್ಳೆಯ ಗುಣ. ಒಳಗೆ "ಅಟ್ಯಾಚ್ಡ್" ಅಂತ ಬರೆದು ಫೈಲ್ ಸೇರಿಸದೆ ಕಳಿಸಲು ಹೋದರೆ, ಫೈಲ್ ಮರೆತಿರಾ ಅಂತ ಕೇಳುತ್ತದೆ. ನನ್ನನ್ನು ಎಷ್ಟೋ ಸಲ ಕಾಪಾಡಿದೆ. ಫೈಲುಗಳ ಗಾತ್ರ ಒಟ್ಟು 25 ಎಂಬಿ ದಾಟಬಾರದು. ವೇಬ್ರಿಡ್ಜ್ ಚೀಟಿ, ಇ-ವೇ ಬಿಲ್ಲಿಗೆಲ್ಲ ಅದು ಧಾರಾಳ.

ಪದಗಳ ವಿಷಯದಲ್ಲಿ ಮಾತ್ರ ಯಾವ ಕೆಂಪು ಗೆರೆಯನ್ನೂ ನೆಚ್ಚಿಕೊಂಡು ಕೂರಬೇಡಿ. ಸ್ಪೆಲ್ಲಿಂಗ್ ಸರಿ ಇದ್ದರೆ ಗೆರೆ ಬರುವುದಿಲ್ಲ. ಆದರೆ ಪದ ಆ ಊರಿಗೆ ಹೊಂದುತ್ತದಾ ಎಂಬುದು ಬೇರೆ ಪ್ರಶ್ನೆ. 2022ರಲ್ಲಿ ವಿಯೆಟ್ನಾಂನಿಂದ ಒಬ್ಬರು ದರ ವಿಚಾರಿಸಿದ್ದರು. ನಾನು "ಪ್ಲೀಸ್ ರಿವರ್ಟ್ ಆನ್ ದಿ ಪ್ರೈಸ್" ಅಂತ ಬರೆದೆ. ನಮ್ಮಲ್ಲಿ ರಿವರ್ಟ್ ಅಂದರೆ ಉತ್ತರ ಕೊಡಿ ಅಂತ. ಹಳೆಯ ಸ್ಥಿತಿಗೆ ಮರಳುವುದು ಎಂಬುದು ಆ ಪದದ ಮೂಲ ಅರ್ಥ. ಅವರು "ಯಾವ ಹಳೇ ದರಕ್ಕೆ?" ಅಂತ ಕೇಳಿದರು. ಎರಡು ದಿನ ಅದರಲ್ಲೇ ಹೋಯಿತು. ಅವತ್ತಿಂದ "ರಿಪ್ಲೈ" ಅಂತಲೇ ಬರೆಯುತ್ತೇನೆ. ಡು ದಿ ನೀಡ್‌ಫುಲ್, ಪ್ರಿಪೋನ್, ಔಟ್ ಆಫ್ ಸ್ಟೇಷನ್ ಇವೂ ಹಾಗೇ. ನಮ್ಮ ದೇಶದೊಳಗೆ ಎಲ್ಲರಿಗೂ ಅರ್ಥ ಆಗುತ್ತವೆ, ಹೊರಗಿನವರಿಗೆ ಬರೆಯುವಾಗ ಬಿಡುವುದು ಒಳ್ಳೆಯದು. "ಡಿಸ್ಕಸ್ ಅಬೌಟ್" ಮಾತ್ರ ಎಲ್ಲಿಯೂ ಬೇಡ, ಡಿಸ್ಕಸ್ ಒಂದೇ ಸಾಕು.

ನಾವು ಹೇಳಿದ ಹೊತ್ತಿಗೆ ಮೇಲ್ ಕಳಿಸುವ ಶೆಡ್ಯೂಲ್ ಸೆಂಡ್ 2019ರಲ್ಲಿ ಬಂದದ್ದು. ಸೀಜನ್‌ನಲ್ಲಿ ರಾತ್ರಿ ಎಂಟರವರೆಗೆ ಲೆಕ್ಕ ನಡೆಯುತ್ತದೆ. ಆಗ ಬರೆದು ಬೆಳಿಗ್ಗೆ ಒಂಬತ್ತೂವರೆಗೆ ಹೋಗುವ ಹಾಗೆ ಇಡುತ್ತೇನೆ. ಟೆಂಪ್ಲೇಟ್ ಇನ್ನೂ ಉಪಯೋಗ. ತೂಕದ ವ್ಯತ್ಯಾಸ, ತೇವಾಂಶ 14 ಪರ್ಸೆಂಟ್ ದಾಟಿದ್ದು, ಬಾಕಿ ನೆನಪು, ಹೀಗೆ ಆರು ನಮೂನೆ ಮಾಡಿಟ್ಟಿದ್ದೇನೆ. ಅಂಕಿ ಮಾತ್ರ ಬದಲಾಯಿಸುವುದು. ಇದನ್ನು ಕಂಪ್ಯೂಟರಿನಲ್ಲೇ ಬಳಸಬೇಕು.

ರಜೆಯಲ್ಲಿ ತಾನೇ ಉತ್ತರ ಕಳಿಸುವ ವೆಕೇಶನ್ ರೆಸ್ಪಾಂಡರ್ ಅನ್ನು ಮೊದಲು ಹಾಕಿದ್ದು 2024ರ ದುಗ್ಗಮ್ಮನ ಜಾತ್ರೆಗೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಊರಿಗೆ ಊರೇ ನೆಂಟರಿಂದ ತುಂಬಿರುತ್ತದೆ, ಆಫೀಸಿಗೆ ಯಾರು ಬರುತ್ತಾರೆ? ಮೊದಲು ಬರೆದಾಗ ದೇವಿಯ ಮಹಿಮೆ, ಊರ ಪದ್ಧತಿ ಎಲ್ಲ ಸೇರಿ ಒಂದು ಪುಟ ಆಯಿತು. ಬರೆಯುವಾಗ ಖುಷಿಯೂ ಆಯಿತು. ಆದರೆ ಲಾರಿ ಕಾಯುತ್ತಿರುವವರಿಗೆ ಬೇಕಾದದ್ದು ಬೇರೆ. ಉಳಿಸಿದ್ದು ಮೂರು ಸಾಲು: ಊರ ಹಬ್ಬಕ್ಕೆ ಆಫೀಸ್ ಎರಡು ದಿನ ಮುಚ್ಚಿರುತ್ತದೆ, ಯಾವತ್ತು ತೆರೆಯುತ್ತದೆ, ಲಾರಿ ವಿಷಯಕ್ಕೆ ಯಾವ ನಂಬರಿಗೆ ಫೋನ್ ಮಾಡಬೇಕು. ಜಾತ್ರೆಯ ವಿಷಯ ಆಮೇಲೆ ಫೋನಿನಲ್ಲಿ ಕೇಳಿದವರಿಗೆ ಮನಸಾರೆ ಹೇಳಿದೆ.

ಬರೆಯುವಾಗ ಬೂದು ಅಕ್ಷರದಲ್ಲಿ ಮುಂದಿನ ಪದ ತೋರಿಸುವ ಸ್ಮಾರ್ಟ್ ಕಂಪೋಸ್ 2018ರಿಂದ ಇದೆ. ಕೆಲಸ ಬೇಗ ಆಗುತ್ತದೆ ನಿಜ. ಆದರೆ ಕಲಿಯುವ ಹಂತದಲ್ಲಿ ಅದನ್ನು ಆಫ್ ಮಾಡಿಡಿ ಅಂತ ನನ್ನ ಸಲಹೆ. ನಾವು ಹುಡುಕಬೇಕಾದ ಪದವನ್ನು ಅದೇ ಕೊಟ್ಟರೆ ನಮ್ಮ ಕೈಗೆ ಆ ಪದ ಬರುವುದಿಲ್ಲ. ಎರಡು ವರ್ಷ ಆದ ಮೇಲೆ ನಾನು ಮತ್ತೆ ಆನ್ ಮಾಡಿದೆ. ಬೇರೆ ಒಂದು ವ್ಯಾಕರಣ ತಿದ್ದುವ ಆ್ಯಪ್‌ಗೆ ಒಂದು ವರ್ಷ ದುಡ್ಡು ಕಟ್ಟಿದ್ದೆ. ಹೆಸರು ಹೇಳುವುದಿಲ್ಲ. ಹಮಾಲಿ, ದಲಾಲಿ, ಕ್ವಿಂಟಲ್ ಎಲ್ಲದಕ್ಕೂ ತಕರಾರು ತೆಗೆಯುತ್ತಿತ್ತು. ನಮ್ಮ ಕೆಲಸಕ್ಕೆ ಹೊಂದಲಿಲ್ಲ, ಮುಂದುವರಿಸಲಿಲ್ಲ.

ಎಐಗೆ ಹೇಳಿ ಬರೆಸಬಹುದಲ್ಲ ಅಂತ ಈಗ ಎಲ್ಲರೂ ಕೇಳುತ್ತಾರೆ. ನಾನು ಅದನ್ನು ಉಲ್ಟಾ ಬಳಸುತ್ತೇನೆ. ಮೇಲ್ ನಾನೇ ಬರೆದು, ಹೆಸರು, ಮೊತ್ತ ತೆಗೆದು, "ಇದರಲ್ಲಿ ಏನು ಕೇಳಿದ್ದಾರೆ, ಒಂದು ಸಾಲಿನಲ್ಲಿ ಹೇಳು" ಅಂತ ಕೇಳುತ್ತೇನೆ. ಅದು ತಪ್ಪು ಹೇಳಿದರೆ ನನ್ನ ಬರವಣಿಗೆ ಗೋಜಲಾಗಿದೆ ಅಂತ ಅರ್ಥ. ಇದಕ್ಕಿಂತ ಒಳ್ಳೆಯ ಪರೀಕ್ಷೆ ನಮ್ಮ ಗುಮಾಸ್ತರು. ಅವರಿಗೆ ಇಂಗ್ಲಿಷ್ ಸ್ವಲ್ಪವೇ ಬರುತ್ತದೆ, ವ್ಯಾಪಾರ ಪೂರ್ತಿ ಬರುತ್ತದೆ. "ಅಣ್ಣಾ, ಇದನ್ನೊಂದು ಸಲ ನೋಡ್ರಿ" ಅಂತ ಸ್ಕ್ರೀನ್ ತಿರುಗಿಸುತ್ತೇನೆ. ಅವರಿಗೆ ಅರ್ಥ ಆದ ಮೇಲ್ ಇವತ್ತಿನವರೆಗೆ ಎಲ್ಲೂ ಎಡವಿಲ್ಲ.

ನನಗೆ ಇನ್ನೂ ಒಗ್ಗದಿರುವುದು "ಎ" ಮತ್ತು "ದಿ". ಕನ್ನಡದಲ್ಲಿ ಇವು ಇಲ್ಲವೇ ಇಲ್ಲ, ಹಾಗಾಗಿ ಕಿವಿಗೆ ಕೊರತೆ ಗೊತ್ತಾಗುವುದಿಲ್ಲ. ಮೊದಲ ಸಲ ಹೇಳುವ ಲಾರಿ "ಎ ಲಾರಿ", ಎರಡನೇ ಸಲ ಹೇಳುವಾಗ ಅದೇ "ದಿ ಲಾರಿ", ಇಷ್ಟು ಹಿಡಿದುಕೊಂಡಿದ್ದೇನೆ. ಆದರೆ "ದಿ" ಬಿಟ್ಟುಹೋದದ್ದಕ್ಕೆ ಯಾರೂ ಬೇಜಾರಾಗಿ ಫೋನ್ ಮಾಡಿಲ್ಲ, ದುಡ್ಡೂ ನಿಂತಿಲ್ಲ. ಹೊಸದಾಗಿ ಕಲಿಯುವವರು ಮೊದಲು ಕೇಳುವ ರೀತಿ ಸರಿ ಮಾಡಿಕೊಳ್ಳಲಿ, ಇದು ಆಮೇಲೆ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. 30ರ ಬದಲು 60 ಸೆಕೆಂಡ್ ಇದ್ದಿದ್ದರೆ ಐದಕ್ಕೆ ಐದು.

ಅನ್‌ಡೂ ಸಮಯ ಬದಲಾಯಿಸಲು ಕಂಪ್ಯೂಟರಿನಲ್ಲಿ ಜಿಮೇಲ್ ತೆರೆಯಿರಿ. ಬಲಗಡೆ ಮೇಲೆ ಚಕ್ರದ ಚಿತ್ರ ಒತ್ತಿ, ಸೀ ಆಲ್ ಸೆಟ್ಟಿಂಗ್ಸ್‌ಗೆ ಹೋಗಿ. ಜನರಲ್ ಪುಟದಲ್ಲೇ ಅನ್‌ಡೂ ಸೆಂಡ್ ಸಿಗುತ್ತದೆ, ಅಲ್ಲಿ 30 ಆರಿಸಿ. ಆಮೇಲೆ ಪುಟದ ಕೊನೆವರೆಗೆ ಇಳಿದು ಸೇವ್ ಚೇಂಜಸ್ ಒತ್ತಿ. ಅದನ್ನು ಒತ್ತದೆ ಹೊರಗೆ ಬಂದರೆ ಮತ್ತೆ 5 ಸೆಕೆಂಡೇ ಇರುತ್ತದೆ.